ಸೋಲ್ತಾನೇ ಇರೋ ಟೀಮ್ ಕಟ್ಕೊಂಡು ಹೇಗೆ ಏಗ್ತೀರಿ ಅಂದ್ರೆ

‘ಸೋಲ್ತಾನೇ ಇರೋ ಫುಟ್‌ಬಾಲ್ ಟೀಮನ್ನ ವರ್ಷಗಟ್ಟಲೆ ಹೇಗೆ ಸಹಿಸ್ಕೋತೀರಿ? ಬೇರೆ ಟೀಮ್ ಹಿಡೀಬಾರದಾ?’ ಅಂತ ಕೇಳಿದೀರಿ. ನಾನು ಬೆಂಗಳೂರು ಎಫ್‌ಸಿ ಕಡೆಯವನು. ಮೊದಲೇ ಒಪ್ಪಿಕೊಂಡುಬಿಡ್ತೀನಿ, ನಮ್ದು ಹುಟ್ಟಿದಾಗಿಂದ ಸೋಲೋ ಟೀಮ್ ಏನಲ್ಲ. 2013ರಲ್ಲಿ ಶುರುವಾಗಿ ಮೊದಲ ಸೀಸನ್ನಲ್ಲೇ ಅವತ್ತಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದವರು. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡೋ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್. 2019ರಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ನಮ್ಮ ರಾಹುಲ್ ಭೆಕೆ ಹೆಡರ್ ಹೊಡೆದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ತಂದುಕೊಟ್ಟ. ತೊಂದರೆ ಇರೋದೇ ಅಲ್ಲಿ. ಮೊದಲ ಪಂಕ್ತೀಲೇ ಹೋಳಿಗೆ ಊಟ ಉಂಡವರಿಗೆ ಆಮೇಲೆ ತಂಗಳು ಇಳಿಯಲ್ಲ.

ಜನ ಫೈನಲ್ ಸೋಲೇ ದೊಡ್ಡ ನೋವು ಅಂದ್ಕೋತಾರೆ. ನಂಗೆ ಹಾಗನ್ನಿಸಿಲ್ಲ. 2018ರ ಮಾರ್ಚ್‌ನಲ್ಲಿ ಲೀಗ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತು, ನಮ್ಮ ಕಂಠೀರವದಲ್ಲೇ, ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿ ಮೊದಲ ಗೋಲ್ ಹೊಡೆದ ಮೇಲೂ ಫೈನಲ್‌ನಲ್ಲಿ ಚೆನ್ನೈಯಿನ್ ಎಫ್‌ಸಿಗೆ 3-2ರಲ್ಲಿ ಸೋತ್ವಿ. ಅವರ ಎರಡು ಗೋಲು ಕಾರ್ನರ್‌ನಿಂದ ಬಂದ ಹೆಡರ್, ಎರಡೂ ಅವರ ಡಿಫೆಂಡರ್ ಮೈಲ್ಸನ್‌ದೇ. ಹೊಟ್ಟೆ ಉರೀತು, ನಿಜ. ಆದ್ರೆ ಅವತ್ತು ಅಕ್ಕಪಕ್ಕ ಸಾವಿರಾರು ಜನ ನನ್ನ ಜೊತೆಗೇ ಉರ್ಕೋತಾ ಇದ್ರು.

ಬೇಸರ ಅಂದ್ರೇನು ಅಂತ ಗೊತ್ತಾಗಿದ್ದು 2023-24ರಲ್ಲಿ. 12 ಟೀಮಲ್ಲಿ 10ನೇ ಸ್ಥಾನ. ಡಿಸೆಂಬರ್ 8, ಶುಕ್ರವಾರ ರಾತ್ರಿ, ಮುಂಬೈ ಸಿಟಿ ಎದುರು. ಆಫೀಸಿಂದ ನೇರವಾಗಿ ಹೋಗಿದ್ದೆ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕತ್ತಿಗೆ ನೀಲಿ ಸ್ಕಾರ್ಫು. ಕಂಠೀರವ ಮೂಲತಃ ಓಟದವರ ಸ್ಟೇಡಿಯಂ, ನಮಗೂ ಮೈದಾನಕ್ಕೂ ನಡುವೆ ಟ್ರ್ಯಾಕ್ ಇದೆ. ನಾವು ಎಷ್ಟು ಬೈದ್ರೂ ಆಟಗಾರರ ಕಿವಿಗೆ ಅರ್ಧ ಮಾತ್ರ ತಲುಪತ್ತೆ ಅಂತ ನನ್ನ ಅನುಮಾನ. ಮೊದಲ ಗೋಲಿಗೆ ಲೈನ್ಸ್‌ಮನ್‌ಗೆ ಬೈದ್ವಿ. ಎರಡನೇದಕ್ಕೆ ನಮ್ಮ ಡಿಫೆಂಡರ್‌ಗಳಿಗೆ. ಮೂರನೇದಕ್ಕೆ ಪಕ್ಕದವರು ಮೊಬೈಲ್ ತೆಗೆದು ಮೆಟ್ರೋ ಟೈಮ್ ನೋಡಿದ್ರು. ನಾಲ್ಕನೇದು ಬಿದ್ದಾಗ ಯಾರೂ ಏನೂ ಅನ್ಲಿಲ್ಲ. ನನ್ನ ಹಿಂದಿನ ಮೆಟ್ಟಿಲಲ್ಲಿ ಕೂತಿದ್ದ ಒಬ್ಬರು ನಿದ್ದೆ ಹೋದ ಮಗೂನ ಹೆಗಲಿಗೆ ಹಾಕ್ಕೊಂಡು, ಅದರ ಮುಖಕ್ಕೆ ಬಳಿದಿದ್ದ ನೀಲಿ ಬಣ್ಣನ ಕರ್ಚೀಫಲ್ಲಿ ಒರೆಸ್ತಾ ಇಳಿದು ಹೋದ್ರು. ಆ ಮೌನ ಇದೆಯಲ್ಲ, 0-4ಕ್ಕಿಂತ ಅದೇ ಜಾಸ್ತಿ ಕೊರೀತು. ಮರುದಿನ ಕೋಚ್ ಸೈಮನ್ ಗ್ರೇಸನ್ನ ತೆಗೆದ್ರು. ನಮ್ಮ ಆಟ ಅದರಿಂದ ಅಂಥಾದ್ದೇನೂ ಬದಲಾಗಲಿಲ್ಲ.

ಇಂಗ್ಲೆಂಡಲ್ಲಾದ್ರೆ ಪ್ರೀಮಿಯರ್ ಲೀಗಿನ ಕೊನೆ ಮೂರು ಟೀಮು ಕೆಳಗಿನ ಡಿವಿಷನ್‌ಗೆ ಇಳಿಯತ್ತೆ, ಹಾಗಾಗಿ ಸೋಲೋರಿಗೂ ಕೊನೇವರೆಗೆ ಎದೆ ಡವಡವ ಇರತ್ತೆ. ನಮ್ಮಲ್ಲಿ ಅವತ್ತಿಗೆ ಅದೂ ಇರಲಿಲ್ಲ. 10 ಆದ್ರೂ ಅಷ್ಟೇ, 12 ಆದ್ರೂ ಅಷ್ಟೇ.

ಇನ್ನೊಂದು ಮಾತು. ಆರ್‌ಸಿಬಿ 17 ಸೀಸನ್ ಕಪ್ ಇಲ್ದೇ ಕಳೀತು, ಆದ್ರೂ ಯಾರೂ ಒಂಟಿ ಆಗಲಿಲ್ಲ. ಸೋತ ಮರುದಿನ ಹಾಲಿನವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಬೈಯೋರೇ, ‘ಈ ಸಲ ಕಪ್ ನಮ್ದೇ’ ಅಂತ ಆಡ್ಕೊಳ್ಳೋರೇ. ಫುಟ್‌ಬಾಲಲ್ಲಿ ನೀವು ಸೋತಿದ್ದೇ ಯಾರಿಗೂ ಗೊತ್ತಿರಲ್ಲ. ‘ಯಾಕೋ ಮುಖ ಸಪ್ಪಗಿದೆ, ಹುಷಾರಿಲ್ವಾ?’ ಅಂತ ಅಮ್ಮ ಕೇಳ್ತಾರೆ. ಕಾರಣ ಹೇಳಿದ್ರೆ ‘ಅದಕ್ಕಾ?’ ಅಂತಾರೆ. ಆ ‘ಅದಕ್ಕಾ’ ಅನ್ನೋ ಪದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ.

ಟೀಮ್ ಬದಲಾಯಿಸೋ ಪ್ರಯತ್ನನೂ ಮಾಡಿದೆ. ಯುರೋಪಿನ ದೊಡ್ಡ ಕ್ಲಬ್ ಒಂದನ್ನ ಹಿಡ್ಕೊಂಡು ಎರಡು ತಿಂಗಳು ಮಧ್ಯರಾತ್ರಿ ಎದ್ದು ನೋಡಿದೆ. ಚೆನ್ನಾಗೇ ಆಡ್ತಾರೆ, ಗೆಲ್ತಾನೂ ಗೆಲ್ತಾರೆ. ಪರಿಚಯ ಇಲ್ದೋರ ಮದುವೇಲಿ ಉಂಡು ಬಂದ ಹಾಗಾಯ್ತು. ಹೊಟ್ಟೆ ತುಂಬ್ತು, ಮಾತಾಡಿಸೋಕೆ ಯಾರೂ ಸಿಗಲಿಲ್ಲ.

ನಮ್ಮ ಆಫೀಸಲ್ಲಿ ಫುಟ್‌ಬಾಲ್ ಗೊತ್ತಿರೋದು ನಂಗೊಬ್ಬನಿಗೆ, ಇನ್ನೊಬ್ರು ಕೊಚ್ಚಿ ಕಡೆಯವರಿಗೆ. ಅವರು ಕೇರಳ ಬ್ಲಾಸ್ಟರ್ಸ್ ಟೀಮಿನ ಭಕ್ತರು, ಹಾಗಾಗಿ ವೈರಿ. 0-4 ಆದ ಮುಂದಿನ ಸೋಮವಾರ ಏನೂ ಅನ್ನದೇ ನನ್ನ ಟೇಬಲ್ ಮೇಲೆ ಒಂದು ಕಾಫಿ ಇಟ್ಟು ಹೋದ್ರು. ಬೈದಿದ್ರೆ ವಾಸಿ ಇತ್ತು.

ಮುಂದಿನ ವರ್ಷ ಮತ್ತೆ ಆಸೆ ಹುಟ್ಟಿಸಿದ್ರು ನಮ್ಮವರು. ಅದೇ ಮುಂಬೈಗೆ ಅದೇ ಕಂಠೀರವದಲ್ಲಿ 5-0. ಸೆಮಿಫೈನಲ್‌ನಲ್ಲಿ ಗೋವಾ ಎದುರು 40ರ ಛೆಟ್ರಿ ಇಂಜುರಿ ಟೈಮಲ್ಲಿ ಗೋಲ್ ಹೊಡೆದು ದಾಟಿಸಿದ. 2025ರ ಏಪ್ರಿಲ್ 12, ಶನಿವಾರ, ಕೋಲ್ಕತ್ತದಲ್ಲಿ ಫೈನಲ್. ಮೋಹನ್ ಬಗಾನ್‌ನವರೇ ಸೆಲ್ಫ್ ಗೋಲ್ ಹೊಡೆದು ನಮ್ಮನ್ನ ಮುಂದೆ ಬಿಟ್ರು. ಆದ್ರೂ ಎಕ್ಸ್‌ಟ್ರಾ ಟೈಮಲ್ಲಿ 2-1ಕ್ಕೆ ಸೋತ್ವಿ.

ಸೋಮವಾರ ಅಂಬೇಡ್ಕರ್ ಜಯಂತಿ ರಜ. ಎರಡು ದಿನ ಮನೇಲಿ ಯಾರ ಹತ್ರಾನೂ ಹೇಳ್ಕೊಳ್ಳೋಕಾಗದೇ ಕೂತಿದ್ದೆ. ಮಂಗಳವಾರ ಲಿಫ್ಟ್ ಹತ್ರನೇ ಸಿಕ್ರು ಆ ಕೊಚ್ಚಿಯವರು. ‘ಏನ್ ಸಾರ್, ಅವರೇ ಗೋಲ್ ಹೊಡೆದು ಕೊಟ್ರೂ ನಿಮ್ಗೆ ಬೇಡ್ವಾ?’ ಅಂದ್ರು, ಅವರ ಆ ಕನ್ನಡದಲ್ಲಿ. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಹತ್ತು ಗಂಟೆ ಮೀಟಿಂಗ್ ಬಿಟ್ಟು ಇಬ್ರೂ ಕ್ಯಾಂಟೀನ್‌ಗೆ ಹೋಗಿ ಹನ್ನೊಂದೂವರೆ ತನಕ ಜಗಳ ಆಡಿದ್ವಿ.