ಕೊಚ್ಚಿಯಲ್ಲಿ ಮಿಂಚಿದ ಆ ಜರ್ಮನ್ ಹುಡುಗ ಈಗ ಎಲ್ಲಿ?

ಚಿಕ್ಕ ವಯಸ್ಸಿನಲ್ಲೇ ದೊಡ್ಡ ಹೆಸರು ಮಾಡಿ, ಆಮೇಲೆ ಅಷ್ಟು ಎತ್ತರಕ್ಕೆ ಏರದೇ ಹೋದ ಜರ್ಮನ್ ಫುಟ್‌ಬಾಲ್ ಆಟಗಾರರ ಬಗ್ಗೆ ಹಲವರು ಬರೆದಿದ್ದಾರೆ. ಅದರಲ್ಲಿ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ನಾವು ನಾಲ್ಕು ಜನ ಗೆಳೆಯರು ರೈಲು ಹತ್ತಿ ಕೊಚ್ಚಿಗೆ ಹೋಗಿ ಜರ್ಮನಿ–ಗಿನಿ ಪಂದ್ಯ ನೋಡಿದ್ದೆವು. ಆರ್ಪ್ ಅನ್ನೋ ಹುಡುಗ ಶುರುವಲ್ಲೇ ಗೋಲ್ ಹೊಡೆದ. ‘ಇನ್ನು ಐದು ವರ್ಷಕ್ಕೆ ಇವನು ಎಲ್ಲಿರ್ತಾನೋ ನೋಡು’ ಅಂತ ಮಾತಾಡಿಕೊಂಡಿದ್ದೆವು. ಈಗ ಹೆಸರೇ ಕೇಳಿಬರುತ್ತಿಲ್ಲ. ಏನಾಯ್ತು? (ಓದುಗರು, ಮಂಗಳೂರು)

ಉತ್ತರ: ನೀವು ನೋಡಿದ್ದು ಸುಳ್ಳಲ್ಲ. ಯಾನ್-ಫೀಟೆ ಆರ್ಪ್ ಆ ಟೂರ್ನಿಯಲ್ಲಿ 5 ಗೋಲ್ ಹೊಡೆದ. ಗೋವಾದಲ್ಲಿ ಕೋಸ್ಟರಿಕಾ ವಿರುದ್ಧ ಒಂದು, ಕೊಚ್ಚಿಯಲ್ಲಿ ಒಂದು, ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಎರಡು. ಕ್ವಾರ್ಟರ್ ಫೈನಲ್‌ನಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಮೈದಾನದಲ್ಲಿ 66 ಸಾವಿರಕ್ಕೂ ಹೆಚ್ಚು ಜನರ ಎದುರು ಬ್ರೆಜಿಲ್ ವಿರುದ್ಧ ಪೆನಾಲ್ಟಿಯಲ್ಲಿ ಇನ್ನೊಂದು. ಆ ಪಂದ್ಯ ಜರ್ಮನಿ 2–1ರಿಂದ ಸೋತಿತು. ಅದೇ ವರ್ಷ ಜರ್ಮನಿಯ ಫುಟ್‌ಬಾಲ್ ಸಂಸ್ಥೆ ಅವನ ವಯಸ್ಸಿನ ಹುಡುಗರಲ್ಲಿ ಅವನಿಗೇ ಫ್ರಿಟ್ಸ್ ವಾಲ್ಟರ್ ಚಿನ್ನದ ಪದಕ ಕೊಟ್ಟಿತ್ತು. ಹಿಂದೆ ಟೋನಿ ಕ್ರೋಸ್, ಮಾರಿಯೊ ಗೋಟ್ಸೆಗೂ ಸಿಕ್ಕಿದ್ದ ಪದಕ ಅದು.

ಅವನು ವಾಪಸ್ ಹೋಗಿದ್ದು ಎಂಥ ಮನೆಗೆ ಅನ್ನೋದನ್ನ ಸ್ವಲ್ಪ ಯೋಚಿಸಿ. ಹ್ಯಾಂಬರ್ಗ್ ಕ್ಲಬ್ಬಿನ ಸ್ಟೇಡಿಯಂನಲ್ಲಿ ಒಂದು ದೊಡ್ಡ ಗಡಿಯಾರ ಇತ್ತು. 1963ರಲ್ಲಿ ಜರ್ಮನಿಯ ಮೊದಲ ಡಿವಿಷನ್ ಲೀಗ್ ಬುಂಡೆಸ್‌ಲಿಗಾ ಶುರುವಾದಾಗಿನಿಂದ ಒಮ್ಮೆಯೂ ಕೆಳಗಿನ ಡಿವಿಷನ್‌ಗೆ ಬೀಳದ ಕ್ಲಬ್ ತಮ್ಮದು ಅಂತ ವರ್ಷ, ದಿನ, ಗಂಟೆ, ನಿಮಿಷ, ಸೆಕೆಂಡ್ ಲೆಕ್ಕ ತೋರಿಸುತ್ತಿತ್ತು. 2017–18ರಲ್ಲಿ ಆ ಗಡಿಯಾರ ನಿಲ್ಲುವ ಹೊತ್ತು ಬಂದಿತ್ತು. ಕ್ಲಬ್ ಮುಳುಗುತ್ತಿತ್ತು, ಕೋಚ್‌ಗಳು ಬದಲಾಗುತ್ತಿದ್ದರು. ಗೋಲ್ ಹೊಡೆಯುವವರೇ ಇಲ್ಲದ ತಂಡಕ್ಕೆ ಆಸರೆಯಾಗಿ ಕಂಡಿದ್ದು ಈ 17ರ ಹುಡುಗ. 2000ದಲ್ಲಿ ಅಥವಾ ಆಮೇಲೆ ಹುಟ್ಟಿದವರಲ್ಲಿ ಬುಂಡೆಸ್‌ಲಿಗಾ ಆಡಿದ ಮೊದಲಿಗ ಅವನು. ಬರ್ಲಿನ್‌ನಲ್ಲಿ ಒಂದು ಗೋಲ್, ಮುಂದಿನ ವಾರ ಸ್ಟುಟ್‌ಗಾರ್ಟ್ ವಿರುದ್ಧ ಇನ್ನೊಂದು. ಊರೆಲ್ಲಾ ಅವನದೇ ಮಾತು. ಅದೇ ವರ್ಷ ಅವನಿಗೆ ‘ಅಬಿಟೂರ್’ ಕೂಡ ಇತ್ತು. ನಮ್ಮ ಪಿಯುಸಿ ಇದ್ದ ಹಾಗೆ ಅನ್ನಿ. ಬೆಳಿಗ್ಗೆ ಓದು, ಶನಿವಾರ ಒಂದು ಊರಿನ ಮರ್ಯಾದೆ ಕಾಯುವ ಕೆಲಸ.

ಆ ಎರಡು ಗೋಲ್ ಆದಮೇಲೆ ಆ ಸೀಸನ್‌ನಲ್ಲಿ ಲೀಗ್ ಗೋಲ್ ಬರಲಿಲ್ಲ. 2018ರ ಮೇನಲ್ಲಿ ಹ್ಯಾಂಬರ್ಗ್ ಕೆಳಗೆ ಬಿತ್ತು. 2019ರಲ್ಲಿ ಆರ್ಪ್ ಬಾಯರ್ನ್ ಮ್ಯೂನಿಕ್‌ಗೆ ಹೋದ. ಅಲ್ಲಿ ಮುಂದೆ ನಿಂತಿದ್ದವರು ಜಗತ್ತಿನ ಅತ್ಯುತ್ತಮ ಸ್ಟ್ರೈಕರ್‌ಗಳಲ್ಲಿ ಒಬ್ಬರಾದ ರಾಬರ್ಟ್ ಲೆವಾಂಡೊವ್‌ಸ್ಕಿ! ಆರ್ಪ್ ಆಡಿದ್ದೆಲ್ಲಾ ಹೆಚ್ಚುಕಮ್ಮಿ ಎರಡನೇ ತಂಡದಲ್ಲಿ, ಮೂರನೇ ಡಿವಿಷನ್‌ನಲ್ಲಿ. ಬಾಯರ್ನ್ ಪರ ಬುಂಡೆಸ್‌ಲಿಗಾದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2021ರಲ್ಲಿ ಹೋಲ್‌ಸ್ಟೈನ್ ಕೀಲ್‌ಗೆ ಹೋದ. ಆ ಪುಟ್ಟ ಕ್ಲಬ್ 2024ರಲ್ಲಿ ಇತಿಹಾಸದಲ್ಲೇ ಮೊದಲ ಸಲ ಬುಂಡೆಸ್‌ಲಿಗಾಗೆ ಏರಿದಾಗ ಆ ತಂಡದಲ್ಲಿದ್ದ. ಆಮೇಲೆ ಡೆನ್ಮಾರ್ಕ್‌ನ ಒಡೆನ್ಸೆ ಕ್ಲಬ್ ಸೇರಿದ. ಅಂದರೆ ಆಟ ಬಿಟ್ಟಿಲ್ಲ, ಹಾಳೂ ಆಗಿಲ್ಲ. ನಾವು ಕೊಚ್ಚಿಯ ಗ್ಯಾಲರಿಯಲ್ಲಿ ಕೂತು ಬರೆದುಕೊಟ್ಟ ಜಾತಕದ ಪ್ರಕಾರ ಬದುಕಲಿಲ್ಲ, ಅಷ್ಟೇ.

ಇನ್ನೊಂದು ಹೇಳಲೇಬೇಕು. ಆ ತಂಡದಲ್ಲಿ ಯಾನ್ ಬಿಸೆಕ್ ಅಂತ ಉದ್ದನೆಯ ಡಿಫೆಂಡರ್ ಇದ್ದ. ನೆನಪಿದೆಯಾ? ಬಹಳ ಜನಕ್ಕೆ ಇರಲಿಕ್ಕಿಲ್ಲ. ಕಲೋನ್ ಕ್ಲಬ್ಬಿಗೆ 16ನೇ ವಯಸ್ಸಿಗೇ ಆಡಿದ, ಆಮೇಲೆ ಜಾಗ ಸಿಗಲಿಲ್ಲ. ಹಾಲೆಂಡ್, ಪೋರ್ಚುಗಲ್ ಅಂತ ‘ಲೋನ್’ ಮೇಲೆ, ಅಂದರೆ ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗಳಿಗೆ ಆಡುತ್ತಾ ಊರೂರು ಸುತ್ತಿದ. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಕೊನೆಗೂ ಕಾಲೂರಿದ. ಅಲ್ಲಿಂದ 2023ರಲ್ಲಿ ಇಂಟರ್ ಮಿಲಾನ್ ಕರೆಸಿಕೊಂಡಿತು, ಮರುವರ್ಷವೇ ಇಟಲಿಯ ಚಾಂಪಿಯನ್ ಆದ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುವ ಗಾದೆಯನ್ನ ಫುಟ್‌ಬಾಲ್‌ಗೆ ಹಚ್ಚುವಾಗ ನಾನು ಹುಷಾರಾಗಿರುತ್ತೇನೆ. ಮೊಳಕೆ ಅಂತೂ ಇಬ್ಬರಲ್ಲೂ ಇತ್ತು. ಒಬ್ಬನಿಗೆ ಯಾರ ಕಣ್ಣಿಗೂ ಬೀಳದೆ ಎಡವಲು, ಏಳಲು ಅವಕಾಶ ಸಿಕ್ಕಿತು. ಇನ್ನೊಬ್ಬನಿಗೆ ಸಿಗಲಿಲ್ಲ.

ಪ್ರಶ್ನೆ: ನಮ್ಮ ತಂದೆ ಸೆಬಾಸ್ಟಿಯನ್ ಡೈಸ್ಲರ್ ಅಭಿಮಾನಿ. ‘ಅಂಥ ಕಾಲು ಜರ್ಮನಿಗೆ ಅಪರೂಪಕ್ಕೆ ಸಿಗೋದು’ ಅಂತಾರೆ. ಅಣ್ಣ ಮಾತ್ರ ‘ಮನಸ್ಸು ಗಟ್ಟಿ ಇರಲಿಲ್ಲ, 27ಕ್ಕೇ ಬಿಟ್ಟು ಓಡಿಹೋದ’ ಅಂತಾನೆ. ಯಾರ ಮಾತು ಸರಿ? (ಓದುಗರು, ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ತಂದೆಯವರ ಮಾತು ಸರಿ. ಅಣ್ಣನಿಗೆ ಈ ಉತ್ತರ ಪೂರ್ತಿ ಓದಲು ಹೇಳಿ.

ಡೈಸ್ಲರ್ ಹುಟ್ಟಿದ್ದು 1980ರಲ್ಲಿ, ಸ್ವಿಟ್ಜರ್ಲೆಂಡ್ ಗಡಿಯ ಲೋರಾಕ್ ಎಂಬ ಊರಲ್ಲಿ. 15ನೇ ವಯಸ್ಸಿಗೆ ಮನೆ ಬಿಟ್ಟು, ದೇಶದ ಇನ್ನೊಂದು ಮೂಲೆಯ ಮೋನ್‌ಶೆನ್‌ಗ್ಲಾಡ್‌ಬಾಕ್ ಕ್ಲಬ್ಬಿನ ಹಾಸ್ಟೆಲ್ ಸೇರಿದರು. ಮಾತು ಕಮ್ಮಿ, ನಾಚಿಕೆ ಜಾಸ್ತಿ. 1998ರಲ್ಲಿ ಬುಂಡೆಸ್‌ಲಿಗಾಗೆ ಕಾಲಿಟ್ಟಾಗ 18 ವರ್ಷ. ಎರಡೂ ಕಾಲಲ್ಲಿ ಒಂದೇ ಥರ ಹೊಡೆಯುತ್ತಿದ್ದರು. ಬಲಗಡೆಯ ಗೆರೆ ಹತ್ತಿರದಿಂದ ಅವರು ಎತ್ತಿ ಕಳಿಸುತ್ತಿದ್ದ ಚೆಂಡು ಬಾಗುತ್ತಾ ಬಂದು ಸ್ಟ್ರೈಕರ್‌ನ ಹಣೆಗೇ ಇಳಿಯುತ್ತಿತ್ತು. ಹಳೆಯ ವಿಡಿಯೋ ಸಿಕ್ಕರೆ ಅವರ ಫ್ರೀ ಕಿಕ್‌ಗಳನ್ನ ನೋಡಿ. ಓಟ ಚಿಕ್ಕದು, ಮೈಯಲ್ಲಿ ಬಿಗಿತವೇ ಇಲ್ಲ.

ಈಗ ಆ ಕಾಲ ನೆನಪಿಸಿಕೊಳ್ಳಿ. 2000ದ ಯೂರೋ ಕಪ್‌ನಲ್ಲಿ ಜರ್ಮನಿಗೆ ಒಂದು ಗೆಲುವೂ ಇಲ್ಲ. ರುಮೇನಿಯಾ ಜೊತೆ ಡ್ರಾ, ಇಂಗ್ಲೆಂಡ್‌ಗೆ ಸೋಲು, ಪೋರ್ಚುಗಲ್ ಕೈಲಿ 3–0. ಲೋಥರ್ ಮತೇಯಸ್ 39ರಲ್ಲೂ ಆಡಬೇಕಾದ ಪರಿಸ್ಥಿತಿ. ದೇಶಕ್ಕೆ ಒಬ್ಬ ಉದ್ಧಾರಕ ಬೇಕಿತ್ತು. ಆ ತಂಡದಲ್ಲಿ ಹೊಸಬನಂತೆ ಆಡಿದ್ದು 20ರ ಡೈಸ್ಲರ್ ಒಬ್ಬರೇ ಅನ್ನುವಂತಿತ್ತು. ಪತ್ರಿಕೆಗಳು ‘ಬಾಸ್ತಿ ಫಂಟಾಸ್ತಿ’ ಅಂತ ಮುದ್ದಿನ ಹೆಸರಿಟ್ಟವು. ನಮ್ಮಲ್ಲಿ ಹೊನ್ನಶೂಲ ಅಂತಾರಲ್ಲ, ಅದೇ ಇದು.

2001ರಲ್ಲಿ ಇನ್ನೂ ಬರ್ಲಿನ್‌ನ ಹೆರ್ತಾ ಕ್ಲಬ್ಬಿಗೆ ಆಡುತ್ತಿದ್ದಾಗಲೇ ಬಾಯರ್ನ್ ಜೊತೆ ಒಪ್ಪಂದವಾಯಿತು. ಬಾಯರ್ನ್ ಮುಂಗಡವಾಗಿ ಕೊಟ್ಟ 2 ಕೋಟಿ ಮಾರ್ಕ್ ಹಣದ ದಾಖಲೆ ಪತ್ರಿಕೆಗೆ ಸೋರಿಹೋಯಿತು. ನಿನ್ನೆವರೆಗೂ ತಲೆ ಮೇಲೆ ಹೊತ್ತು ಕುಣಿದ ಬರ್ಲಿನ್ ಅಭಿಮಾನಿಗಳು ದ್ರೋಹಿ ಅಂತ ಕೂಗಿದರು. ಅದೇ ಹೊತ್ತಿಗೆ ಬಲ ಮಂಡಿಗೆ ದೊಡ್ಡ ಪೆಟ್ಟು ಬಿತ್ತು. 2002ರ ವಿಶ್ವಕಪ್‌ಗೆ ಇನ್ನೇನು ಹೊರಡಬೇಕು, ಆಸ್ಟ್ರಿಯಾ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಮತ್ತೆ ಗಾಯ. ಜರ್ಮನಿ ಫೈನಲ್ ತನಕ ಹೋಯಿತು, ಇವರು ಮನೆಯಲ್ಲಿ. 2006ರ ವಿಶ್ವಕಪ್ ತಮ್ಮದೇ ದೇಶದಲ್ಲಿ. ಅದಕ್ಕೆ ಮೂರು ತಿಂಗಳಿರುವಾಗ ಅಭ್ಯಾಸದ ವೇಳೆ ಸಹ ಆಟಗಾರನಿಗೆ ಡಿಕ್ಕಿಯಾಗಿ ಅದೇ ಮಂಡಿ ಕೈಕೊಟ್ಟಿತು.

ಈ ಎರಡರ ನಡುವೆ, 2003ರ ನವೆಂಬರ್‌ನಲ್ಲಿ ಡೈಸ್ಲರ್ ಮ್ಯೂನಿಕ್‌ನ ಮಾಕ್ಸ್ ಪ್ಲಾಂಕ್ ಮನೋರೋಗ ಸಂಸ್ಥೆಗೆ ದಾಖಲಾದರು. ಖಿನ್ನತೆ ಅಂತ ಜಗತ್ತಿಗೇ ಗೊತ್ತಾಯಿತು. ಆಗ ಬುಂಡೆಸ್‌ಲಿಗಾದ ಆಟಗಾರನೊಬ್ಬ ಹೀಗೆ ಬಯಲಲ್ಲಿ ನಿಲ್ಲುವುದು ಸುಮ್ನೆ ಮಾತಲ್ಲ. ಮಂಡಿ ನೋವು ಎಕ್ಸ್‌ರೇನಲ್ಲಿ ಕಾಣುತ್ತೆ, ಎಲ್ಲರೂ ಅಯ್ಯೋ ಅಂತಾರೆ. ಇದು ಕಾಣಲ್ಲ, ಅದಕ್ಕೇ ‘ಗಟ್ಟಿ ಇಲ್ಲ’ ಅಂತಾರೆ.

ಒಂದು ವಿಷಯ ನನ್ನನ್ನ ಯಾವಾಗಲೂ ಕಾಡುತ್ತೆ. 1998–99ರ ಗ್ಲಾಡ್‌ಬಾಕ್ ತಂಡ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಆ ತಂಡದಲ್ಲಿ ಆಡಲು ಶುರು ಮಾಡಿದ್ದವರು ಡೈಸ್ಲರ್. ಅದೇ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ. ಅವರಿಗೂ ಖಿನ್ನತೆ ಇತ್ತು. ಅದನ್ನ ಅವರು ಹೊರಗೆ ಹೇಳಿಕೊಳ್ಳಲಿಲ್ಲ. ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಆಗಿದ್ದಾಗಲೇ, 2009ರ ನವೆಂಬರ್‌ನಲ್ಲಿ, 32ನೇ ವಯಸ್ಸಿಗೆ ಅವರು ಜೀವ ಕಳೆದುಕೊಂಡರು. ಒಂದೇ ಡ್ರೆಸಿಂಗ್ ರೂಮ್‌ನಲ್ಲಿ ಬಟ್ಟೆ ಬದಲಾಯಿಸುತ್ತಿದ್ದ ಇಬ್ಬರು ಹುಡುಗರು.

2007ರ ಜನವರಿ 16ರಂದು ಡೈಸ್ಲರ್ ಬಾಯರ್ನ್ ಮ್ಯಾನೇಜರ್ ಉಲಿ ಹೋನೆಸ್ ಪಕ್ಕ ಕೂತು, ಇನ್ನು ಆಡುವುದಿಲ್ಲ ಅಂದರು. ತನ್ನ ಮಂಡಿಯ ಮೇಲೆ ನಂಬಿಕೆ ಉಳಿದಿಲ್ಲ ಅಂದರು. ಹೋನೆಸ್ ಬಾಗಿಲು ತೆರೆದೇ ಇಟ್ಟಿದ್ದರು. ಡೈಸ್ಲರ್ ವಾಪಸ್ ಬರಲಿಲ್ಲ. ಜರ್ಮನಿ ಪರ 36 ಪಂದ್ಯ, ವಿಶ್ವಕಪ್ ಒಂದೂ ಇಲ್ಲ. ಕೈತುಂಬ ಸಂಬಳ ಬರುವ ಒಪ್ಪಂದ ಇನ್ನೂ ಉಳಿದಿರುವಾಗಲೇ ಎದ್ದು ಹೋದವರನ್ನ ಓಡಿಹೋದ ಅನ್ನಬೇಡಿ. ಅವರು ಬದುಕುಳಿದರು. ನನಗೆ ಅದು ದೊಡ್ಡದು.

ಪ್ರಶ್ನೆ: ಲಾರ್ಸ್ ರಿಕೆನ್, ಮಾರಿಯೊ ಗೋಟ್ಸೆ, ಮಾರ್ಕೊ ಮರಿನ್. ಮೂವರನ್ನೂ ‘ವಿಫಲರು’ ಅನ್ನಬಹುದಾ? (ಓದುಗರು, ಮೈಸೂರು)

ಉತ್ತರ: ಮೂವರನ್ನ ಒಂದೇ ತಕ್ಕಡಿಗೆ ಹಾಕಬೇಡಿ. ರಿಕೆನ್ ಡಾರ್ಟ್‌ಮಂಡ್‌ನಲ್ಲೇ ಹುಟ್ಟಿದ ಹುಡುಗ. 1997ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಡಾರ್ಟ್‌ಮಂಡ್ ವಿರುದ್ಧ ಇಟಲಿಯ ಯುವೆಂಟಸ್ ಆಗಷ್ಟೇ ಒಂದು ಗೋಲ್ ವಾಪಸ್ ಕೊಟ್ಟು 2–1ಕ್ಕೆ ಬಂದಿತ್ತು. ಬೆಂಚಿನಿಂದ ಎದ್ದು ಬಂದ 20ರ ರಿಕೆನ್, ಮೊದಲ ಸಲ ಚೆಂಡು ಮುಟ್ಟಿದ್ದೇ ಗೋಲ್. ಬಂದು 16 ಸೆಕೆಂಡ್ ಆಗಿತ್ತು. ಗೋಲ್‌ಕೀಪರ್ ಪೆರುಜ್ಜಿ ಮುಂದೆ ಬಂದು ನಿಂತಿದ್ದನ್ನ ಬೆಂಚಿನಲ್ಲಿ ಕೂತಾಗಲೇ ಗಮನಿಸಿದ್ದರು, ಅವರ ತಲೆ ಮೇಲಿಂದ ಎತ್ತಿ ಹಾಕಿದರು. ರಾಷ್ಟ್ರೀಯ ತಂಡದಲ್ಲಿ 16 ಪಂದ್ಯಕ್ಕೆ ಮುಗಿಯಿತು, ನಿಜ. ಆದರೆ ಇಡೀ ವೃತ್ತಿ ಅದೇ ಕ್ಲಬ್ಬಿನಲ್ಲಿ ಕಳೆದು, 2008ರಿಂದ ಅಲ್ಲಿನ ಹುಡುಗರ ವಿಭಾಗ ನೋಡಿಕೊಂಡರು. 2024ರಿಂದ ಕ್ಲಬ್ಬಿನ ಆಟದ ವಿಭಾಗಕ್ಕೇ ಮುಖ್ಯಸ್ಥರು. ಇವರ ಮೇಲುಸ್ತುವಾರಿಯಲ್ಲಿ ಬೆಳೆದವರಲ್ಲಿ ಗೋಟ್ಸೆಯೂ ಒಬ್ಬರು.

ಗೋಟ್ಸೆ 2014ರ ವಿಶ್ವಕಪ್ ಫೈನಲ್‌ನ 113ನೇ ನಿಮಿಷದಲ್ಲಿ ಗೆಲುವಿನ ಗೋಲ್ ಹೊಡೆದವರು. ಎದೆಯಲ್ಲಿ ಚೆಂಡು ತಡೆದು, ನೆಲಕ್ಕೆ ಬೀಳುವ ಮೊದಲೇ ಎಡಗಾಲಲ್ಲಿ ಬಾರಿಸಿದ್ದು. 2017ರಲ್ಲಿ ದೇಹದ ಚಯಾಪಚಯದ ತೊಂದರೆ ಕಾಣಿಸಿಕೊಂಡು ತಿಂಗಳುಗಟ್ಟಲೆ ಆಟ ನಿಂತಿತು. ಅವರು ಚೇತರಿಸಿಕೊಂಡು 2022ರ ವಿಶ್ವಕಪ್‌ಗೂ ಹೋದರು. ಇವರನ್ನ ವಿಫಲ ಅನ್ನೋದನ್ನ ನಾನು ಒಪ್ಪಲ್ಲ.

ಮರಿನ್ ವಿಷಯಕ್ಕೆ ಬಂದರೆ, ಹೌದು, ಬೇಜಾರಿದೆ. ‘ಜರ್ಮನಿಯ ಮೆಸ್ಸಿ’ ಅಂದರು. 2012ರಲ್ಲಿ ಚೆಲ್ಸಿಗೆ ಹೋಗಿ ಲೀಗ್‌ನಲ್ಲಿ ಆಡಿದ್ದು 6 ಪಂದ್ಯ. ಆಮೇಲೆ ಸ್ಪೇನ್, ಇಟಲಿ, ಬೆಲ್ಜಿಯಂ, ಟರ್ಕಿ, ಗ್ರೀಸ್, ಸರ್ಬಿಯಾ, ಸೌದಿ, ಹಂಗೇರಿ. 23ನೇ ವಯಸ್ಸಿಗೆ ಪ್ರತಿ ವಾರ ಆಡುವ ಜಾಗ ಬಿಟ್ಟು ಹೋಗಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿರುವ ಕನ್ನಡಿಗರು. 10 ವರ್ಷದ ಮಗ ಇಲ್ಲಿನ ಕ್ಲಬ್ಬಿನಲ್ಲಿ ಆಡುತ್ತಾನೆ. ನವೆಂಬರ್‌ನಲ್ಲಿ ಹುಟ್ಟಿದವನು, ತಂಡದಲ್ಲಿ ಎಲ್ಲರಿಗಿಂತ ಕುಳ್ಳ. ದೊಡ್ಡ ಕ್ಲಬ್ಬಿನವರು ಬಂದು ನೋಡಿದಾಗ ಇವನ ಕಡೆ ತಿರುಗಲೇ ಇಲ್ಲ. ಈಗಲೇ ಬೇರೆ ಕ್ಲಬ್ಬಿಗೆ ಸೇರಿಸಬೇಕಾ? (ಓದುಗರು, ಮ್ಯೂನಿಕ್)

ಉತ್ತರ: ಬೇಡ ತಾಯಿ. ಜರ್ಮನಿಯಲ್ಲಿ ವಯಸ್ಸಿನ ಗುಂಪು ಜನವರಿ 1ಕ್ಕೆ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ನಿಮ್ಮ ಮಗನೂ ಒಂದೇ ತಂಡ, ನಡುವೆ ಹತ್ತು ತಿಂಗಳ ಅಂತರ. ಈ ವಯಸ್ಸಲ್ಲಿ ಹತ್ತು ತಿಂಗಳು ಅಂದರೆ ಎತ್ತರ, ಓಟ, ಬಲ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತೆ. ಆಯ್ಕೆದಾರರ ಕಣ್ಣು ಎಷ್ಟೋ ಸಲ ಪ್ರತಿಭೆ ಅಂತ ತಿಳಿದು ಮೈಕಟ್ಟನ್ನ ಆರಿಸುತ್ತೆ. ಬಹಳಷ್ಟು ದೇಶಗಳ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳ ಮಕ್ಕಳು ಜಾಸ್ತಿ ಇರುವುದು ಇದಕ್ಕೇ. ಮೇಲೆ ಹೇಳಿದ ಆರ್ಪ್ ಹುಟ್ಟಿದ್ದು ಜನವರಿ 6ರಂದು.

ಚಿಕ್ಕವರ ತಂಡಗಳಿಗೆ 2024ರಿಂದ ಅಲ್ಲಿ ಹೊಸ ನಿಯಮ ಬಂದಿದೆಯಲ್ಲ, ಪುಟ್ಟ ಮೈದಾನ, ಕಮ್ಮಿ ಆಟಗಾರರು, ಪಾಯಿಂಟ್ ಪಟ್ಟಿ ಇಲ್ಲ. ಅದು ನಿಮ್ಮ ಮಗನಂಥವರಿಗೆ ಒಳ್ಳೆಯದು. ಕಮ್ಮಿ ಜನ ಆಡುವಾಗ ಕುಳ್ಳ ಹುಡುಗನ ಕಾಲಿಗೂ ಚೆಂಡು ಬಂದೇ ಬರುತ್ತೆ. ಗೆಳೆಯರಿರುವ ಕ್ಲಬ್ಬಿನಲ್ಲೇ ಇರಲಿ. ಪಂದ್ಯ ಮುಗಿದು ಕಾರಲ್ಲಿ ಬರುವಾಗ ಎಷ್ಟು ಗೋಲ್ ಅಂತ ಕೇಳಬೇಡಿ. ಅವನೇ ಶುರು ಮಾಡಲಿ. ಮನೆಗೆ ಬಂದ ಮೇಲೂ ಚೆಂಡು ಹಿಡಿದು ಅಂಗಳಕ್ಕೆ ಓಡುತ್ತಾನಾ? ಅದನ್ನ ಮಾತ್ರ ನೋಡುತ್ತಿರಿ. ಇನ್ನೆರಡು ವರ್ಷ ಬಿಟ್ಟು ಮತ್ತೆ ಬರೆಯಿರಿ.