ಗುಲಾಬಿಗೆ ಗೊಬ್ಬರ ಆಮೇಲೆ, ಮೊದಲು ಬುಡ ನೋಡಿ

ಅಕ್ಕಾ, ನಿಮ್ಮ ಪೋಸ್ಟನ್ನೂ ಮೂರು ಫೋಟೋಗಳನ್ನೂ ನಿಧಾನಕ್ಕೆ ನೋಡಿದೆ. ಈಗಷ್ಟೇ ಓದುತ್ತಿರುವವರಿಗಾಗಿ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ಯಲಹಂಕದ ಮನೆ, ಎರಡನೇ ಮಹಡಿಯ ಟೆರೇಸ್, ಜೂನ್‌ನಲ್ಲಿ ನರ್ಸರಿಯಿಂದ ತಂದ ಮೂರು ಗುಲಾಬಿ ಗಿಡ. ತಂದಾಗ ಮೂರರಲ್ಲೂ ಹೂವಿತ್ತು. ಈಗ ಕೆಂಪು ಗುಲಾಬಿ ಆಳೆತ್ತರ ಬೆಳೆದಿದೆ, ಆದರೆ ಒಂದು ಮೊಗ್ಗೂ ಇಲ್ಲ. ಐಸ್‌ಬರ್ಗ್ ಅನ್ನೋ ತಳಿಯ ಬಿಳಿ ಗುಲಾಬಿಯ ಎಲೆಗೆ ಕಪ್ಪು ಚುಕ್ಕೆ ಬಂದು, ಹಳದಿಯಾಗಿ ಉದುರುತ್ತಿದೆ. ಮೂರನೆಯದರ ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು.

ಮೇಲೆ ಉತ್ತರ ಕೊಟ್ಟವರು ಎಪ್ಸಮ್ ಸಾಲ್ಟ್, ಮೊಟ್ಟೆ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಡಿಎಪಿ ರಾಸಾಯನಿಕ ಗೊಬ್ಬರ ಎಲ್ಲ ಹೇಳಿದ್ದಾರೆ. ದಯವಿಟ್ಟು ಈಗ ಯಾವುದನ್ನೂ ಹಾಕಬೇಡಿ. ನಿಮ್ಮ ಮೂರು ಗಿಡದ ತೊಂದರೆ ಮೂರು ಬೇರೆ ಬೇರೆ. ಗೊಬ್ಬರ ಸುರಿದರೆ ಸರಿಹೋಗುವಂಥದ್ದು ಅದರಲ್ಲಿ ಒಂದೂ ಇಲ್ಲ. ಗುಲಾಬಿ ಸೊರಗಿದ ತಕ್ಷಣ ನಾವೆಲ್ಲ ಏನು ಹಾಕಲಿ ಅಂತ ಕೇಳುತ್ತೇವೆ. ಬೇರಿನ ಹತ್ತಿರ, ಕಸಿ ಗಂಟಿನ ಹತ್ತಿರ ಏನು ನಡೀತಿದೆ ಅಂತ ನೋಡುವವರು ಕಡಿಮೆ. ಕುಂಡದ ಗುಲಾಬಿಯ ವಿಷಯದಲ್ಲಿ ಅರ್ಧಕ್ಕರ್ಧ ಉತ್ತರ ಅಲ್ಲೇ ಇರುತ್ತದೆ.

ಕೆಂಪು ಗುಲಾಬಿಯಿಂದ ಶುರು ಮಾಡೋಣ, ಅದಕ್ಕೆ ತಡ ಮಾಡುವ ಹಾಗಿಲ್ಲ. ನರ್ಸರಿಯಲ್ಲಿ ಸಿಗುವ ಹೆಚ್ಚಿನ ದೊಡ್ಡ ಹೂವಿನ ಗುಲಾಬಿಗಳು ಕಣ್ಣು ಕಸಿ ಮಾಡಿದವು, ಅಂದರೆ ಒಂದು ಗಿಡದ ಚಿಗುರೊಡೆಯುವ ಕಣ್ಣನ್ನು ಇನ್ನೊಂದಕ್ಕೆ ಕೂಡಿಸಿದವು. ಕೆಳಗೆ ಬೇರು ಕೊಡುವುದು ಒಂದು ಗಟ್ಟಿ ಜಾತಿಯ ಕಾಡು ಗುಲಾಬಿ, ಮೇಲೆ ಹೂ ಕೊಡುವುದು ನಾವು ದುಡ್ಡು ಕೊಟ್ಟು ತಂದ ತಳಿ. ಎರಡೂ ಸೇರುವ ಜಾಗದಲ್ಲಿ ಒಂದು ಗಂಟು ಇರುತ್ತದೆ. ಆ ಗಂಟಿನ ಕೆಳಗಿನಿಂದ ಚಿಗುರು ಹೊರಟರೆ ಅದು ಬೇರು ಗಿಡದ್ದು. ಅದು ತುಂಬಾ ಜೋರಾಗಿ ಬೆಳೆಯುತ್ತದೆ, ಬೇರಿನ ಶಕ್ತಿಯನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ, ಮೇಲಿನ ಕಸಿ ಸೊರಗುತ್ತಾ ಹೋಗುತ್ತದೆ. ನಿಮ್ಮ ಫೋಟೋದಲ್ಲಿ ಎತ್ತರಕ್ಕೆ ಹೋದ ಎರಡು ಕಡ್ಡಿಗಳ ಎಲೆ ತಿಳಿ ಹಸಿರು, ಸಣ್ಣ, ಒಂದೊಂದು ಎಲೆತೊಟ್ಟಿಗೆ ಏಳೇಳು ಕಿರು ಎಲೆ, ಮುಳ್ಳೂ ಕಡಿಮೆ. ಪಕ್ಕದಲ್ಲಿರುವ ಗಿಡ್ಡ ಕಡ್ಡಿಯ ಎಲೆ ಗಾಢ ಹಸಿರು, ಐದೈದು. ನನಗಂತೂ ಅನುಮಾನ ಇಲ್ಲ, ಆದರೂ ಎಲೆ ಎಣಿಸಿ ತೀರ್ಮಾನ ಮಾಡಬೇಡಿ. ಒಳ್ಳೆಯ ತಳಿಗಳಲ್ಲೂ ಏಳು ಎಲೆ ಬರುವುದುಂಟು, ಬಳ್ಳಿ ಗುಲಾಬಿಯಲ್ಲಿ ಅದು ಮಾಮೂಲು. ಕಡ್ಡಿ ಎಲ್ಲಿಂದ ಹೊರಟಿದೆ ಅನ್ನೋದೇ ಪುರಾವೆ.

ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಗೆಯಿರಿ. ಹೆಬ್ಬೆರಳಿನಷ್ಟು ಉಬ್ಬಿದ ಗಂಟು ಕಾಣುತ್ತದೆ. ಆ ಎರಡು ಕಡ್ಡಿಗಳನ್ನು ಹಿಡಿದು ಕೆಳಗೆ ಹೋಗಿ. ಗಂಟಿನ ಕೆಳಗೋ ಬೇರಿನಿಂದಲೋ ಹೊರಟಿದ್ದರೆ ಅವನ್ನು ಕತ್ತರಿಸಬೇಡಿ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದಿದ್ದದ್ದು ಮೂರಾಗಿ ಬರುತ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಹೊರಟ ಜಾಗದಿಂದಲೇ ಕೆಳಮುಖವಾಗಿ ಎಳೆದು ಕೀಳಬೇಕು. ಸ್ವಲ್ಪ ಸಿಪ್ಪೆ ಸಮೇತ ಬಂದರೆ ಒಳ್ಳೆಯದೇ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಪುಡಿಯನ್ನು ನಾಲ್ಕು ಹನಿ ನೀರಲ್ಲಿ ಪೇಸ್ಟ್ ಮಾಡಿ ಹಚ್ಚಿ. ಉಳಿದ ಗಿಡ್ಡ ಕಡ್ಡಿ ಹಸಿರಾಗಿದ್ದರೆ ಗಿಡ ಉಳಿಯುತ್ತದೆ, ಎರಡು ಮೂರು ತಿಂಗಳು ಸಮಯ ಕೊಡಿ. ಒಂದು ವೇಳೆ ಗಂಟಿನ ಮೇಲಿನ ಭಾಗ ಪೂರ್ತಿ ಒಣಗಿಹೋಗಿದ್ದರೆ ಆ ಕೆಂಪು ಹೂ ಮತ್ತೆ ಬರುವುದಿಲ್ಲ. ಯಾವ ಔಷಧಿಯೂ ಅದನ್ನು ತರಲಾರದು.

ಗಂಟು ಮಣ್ಣಿನೊಳಗೆ ಹೂತುಹೋಗಿದ್ದರೆ ಅದನ್ನೂ ಈಗಲೇ ಸರಿ ಮಾಡಿ. ತುಂಬಾ ಚಳಿ ಬೀಳುವ ದೇಶಗಳಲ್ಲಿ ಗಂಟನ್ನು ಮಣ್ಣಿನಲ್ಲಿ ಮುಚ್ಚುತ್ತಾರೆ, ಯೂಟ್ಯೂಬ್ ನೋಡಿ ನಮ್ಮಲ್ಲೂ ಕೆಲವರು ಹಾಗೆ ಮಾಡುತ್ತಿದ್ದಾರೆ. ಬೆಂಗಳೂರಿಗೆ ಅದು ಬೇಡ. ಇಲ್ಲಿ ಗಂಟು ಮಣ್ಣಿನಿಂದ ಎರಡು ಇಂಚು ಮೇಲೆ, ಗಾಳಿ ಆಡುವ ಹಾಗೆ ಇರಲಿ.

ಇನ್ನು ಮೂರು ಗಿಡಕ್ಕೂ ಸೇರಿದ ವಿಷಯ, ನರ್ಸರಿ ಮಣ್ಣು. ಬೆಂಗಳೂರಿನ ನರ್ಸರಿಗಳಿಗೆ ಎಷ್ಟೋ ಗಿಡ ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಒಡೆಯಬಾರದು ಅಂತ ಬೇರಿನ ಸುತ್ತ ಜೇಡಿಮಣ್ಣನ್ನು ಒತ್ತಿ ಉಂಡೆ ಕಟ್ಟಿರುತ್ತಾರೆ. ಒಣಗಿದರೆ ಅದು ಇಟ್ಟಿಗೆಯ ಹಾಗೆ ಆಗುತ್ತದೆ. ನಾವು ಆ ಉಂಡೆಯನ್ನು ಹಾಗೇ ಕುಂಡದಲ್ಲಿಟ್ಟು ಸುತ್ತ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ತುಂಬುತ್ತೇವೆ. ನೀರು ಹಾಕಿದರೆ ಹಗುರ ಮಣ್ಣಿನಲ್ಲಿ ಸರ್ರನೆ ಇಳಿದು ಕೆಳಗಿನ ತೂತಿನಿಂದ ಆಚೆ ಹೋಗುತ್ತದೆ. ಬೇರು ಇರುವ ಉಂಡೆಗೆ ನೀರೇ ಇಳಿದಿರುವುದಿಲ್ಲ. ಮಳೆಗಾಲದಲ್ಲಿ ಇದರ ಉಲ್ಟಾ. ಒಮ್ಮೆ ನೀರು ಕುಡಿದ ಜೇಡಿ ವಾರಗಟ್ಟಲೆ ಆರುವುದಿಲ್ಲ, ಒಳಗಿನ ಬೇರು ಉಸಿರಾಡಲಾಗದೆ ಕೊಳೆಯುತ್ತದೆ. ಎಲೆ ಹಳದಿಯಾಗುತ್ತದೆ, ನಾವು ಗೊಬ್ಬರ ಸಾಲದು ಅಂದುಕೊಳ್ಳುತ್ತೇವೆ.

ಒಂದು ಬಿದಿರು ಕಡ್ಡಿಯನ್ನು ಕಾಂಡದ ಪಕ್ಕದಲ್ಲೇ, ಉಂಡೆಯ ಮಧ್ಯಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒಣಗಿ ಬಂತಾ, ಕೆಸರು ಮೆತ್ತಿಕೊಂಡು ಬಂತಾ ನೋಡಿ. ಕುಂಡದ ಅಂಚಿನ ಮಣ್ಣು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಈ ಸೆಪ್ಟೆಂಬರ್ ಕೊನೆ ಮಣ್ಣು ಬದಲಿಸಲು ಒಳ್ಳೆಯ ಹೊತ್ತು. ಗಿಡವನ್ನು ಉಂಡೆ ಸಮೇತ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಜೇಡಿ ಮೆತ್ತಗಾದ ಮೇಲೆ ಹೊರಗಿನ ಭಾಗವನ್ನು ಬೆರಳಿನಿಂದ ಬಿಡಿಸಿ. ಪೂರ್ತಿ ತೊಳೆಯಲು ಹೋಗಬೇಡಿ, ಸಣ್ಣ ಬೇರುಗಳೆಲ್ಲ ಕಿತ್ತುಹೋಗುತ್ತವೆ. ಕಪ್ಪಾಗಿ ಮೆತ್ತಗಾದ ಬೇರು ಇದ್ದರೆ ಕತ್ತರಿಸಿ. ಕುಂಡ ಕನಿಷ್ಠ 12 ಇಂಚು, ಸಾಧ್ಯವಾದರೆ 14 ಇಂಚಿನದು ತನ್ನಿ. ಮಣ್ಣಿಗೆ ನಾನು ಹಾಕುವುದು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಮನೆ ಕಟ್ಟಿ ಮಿಕ್ಕ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೆರೆಸಬೇಡಿ. ಅದರ ನುಣ್ಣನೆ ಪುಡಿ ಕೂತು ಮಣ್ಣು ಗಟ್ಟಿಯಾಗುತ್ತದೆ. ಮಣ್ಣು ಬದಲಿಸಿದ ಮೇಲೆ ಒಂದು ವಾರ ಬೆಳಗಿನ ಎಳೆ ಬಿಸಿಲಷ್ಟೇ ಸಿಗುವ ಕಡೆ ಇಟ್ಟು, ಆಮೇಲೆ ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗಕ್ಕೆ ತನ್ನಿ. ನೀರಿನ ಟ್ಯಾಂಕಿನ ನೆರಳಿನಲ್ಲಿ ಗುಲಾಬಿ ಬರೀ ಎಲೆ ಬಿಡುತ್ತದೆ.

ಬಿಳಿ ಗಿಡಕ್ಕೆ ಬಂದಿರುವುದು ಕಪ್ಪು ಚುಕ್ಕೆ ರೋಗ. ಎಲೆಯ ಮೇಲ್ಭಾಗದಲ್ಲಿ ಅಂಚು ಚೆದುರಿದ ಕಪ್ಪು ಮಚ್ಚೆ, ಸುತ್ತ ಹಳದಿ, ಮೊದಲು ಕೆಳಗಿನ ಎಲೆಗಳಲ್ಲಿ. ಇದು ಶಿಲೀಂಧ್ರ. ಎಲೆ ಸುಮಾರು ಏಳು ಗಂಟೆ ಒದ್ದೆಯಾಗೇ ಇದ್ದರೆ ಇದು ಒಳಗೆ ಇಳಿಯುತ್ತದೆ. ನೀವು ಸಂಜೆ ಏಳಕ್ಕೆ ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಬಿಡುತ್ತೇನೆ ಅಂದಿದ್ದೀರಿ, ಅಂದರೆ ಎಲೆ ರಾತ್ರಿಯಿಡೀ ಒದ್ದೆ. ಅದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು. ಚುಕ್ಕೆ ಬಂದ ಎಲೆಗಳನ್ನೂ ಕುಂಡದೊಳಗೆ ಉದುರಿದ್ದನ್ನೂ ಆರಿಸಿ ಕಸಕ್ಕೆ ಹಾಕಿ. ಮನೆ ಕಾಂಪೋಸ್ಟ್‌ಗೆ ಬೇಡ, ರೋಗ ಅದರಲ್ಲೇ ಉಳಿದು ಮಳೆ ಹನಿಯ ಜೊತೆ ಮತ್ತೆ ಮೇಲೆ ಸಿಡಿಯುತ್ತದೆ. ಬುಡದಿಂದ ಅರ್ಧ ಅಡಿವರೆಗೆ ಎಲೆ ಇಲ್ಲದ ಹಾಗೆ ನೋಡಿಕೊಳ್ಳಿ. ಆಮೇಲೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಅಥವಾ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ, ಹತ್ತು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಪಕ್ಕದಲ್ಲಿ ಪುದೀನ, ಕೊತ್ತಂಬರಿ ಕುಂಡ ಇದ್ದರೆ ಮೊದಲು ದೂರ ಇಡಿ. ಈಗಾಗಲೇ ಬಂದ ಚುಕ್ಕೆ ಹೋಗುವುದಿಲ್ಲ, ಹೊಸ ಎಲೆ ಶುದ್ಧವಾಗಿ ಬಂದರೆ ಸಾಕು. ಐಸ್‌ಬರ್ಗ್ 1958ರ ಜರ್ಮನಿಯ ತಳಿ. ಗೊಂಚಲು ಗೊಂಚಲಾಗಿ ಹೂ ಬಿಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ ಅಂತ ನಾನು ಇಂದಿಗೂ ನಂಬಿದ್ದೇನೆ, ಆದರೆ ಮಳೆಗಾಲದಲ್ಲಿ ಈ ರೋಗ ಅದಕ್ಕೆ ಬೇಗ ತಗಲುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲಪೂರ್ತಿ ಅದನ್ನು ಸೂರಿನ ಅಂಚಿಗೆ ಇಡುವುದೇ ಕ್ಷೇಮ.

ಮೂರನೆಯದು ಬೋರ್‌ವೆಲ್ ನೀರಿನ ಕಥೆ. ಹಳೆ ಎಲೆ ಹಸಿರಾಗೇ ಇದ್ದು ಹೊಸ ಎಲೆ ಮಾತ್ರ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಮಣ್ಣಿನಲ್ಲಿ ಅದು ಇಲ್ಲ ಅಂತಲ್ಲ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು. ಗುಲಾಬಿಗೆ ಸ್ವಲ್ಪ ಹುಳಿ ಮಣ್ಣು, ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 6.5 ಇದ್ದರೆ ಹಿತ. ಬೋರ್‌ವೆಲ್‌ನ ಗಡಸು ನೀರು ಹಾಕುತ್ತಾ ಹೋದರೆ ಸುಣ್ಣದ ಅಂಶ ಸೇರಿ ಪಿಎಚ್ ಏರುತ್ತದೆ, ಕಬ್ಬಿಣ ಅಲ್ಲೇ ಇದ್ದರೂ ಬೇರಿಗೆ ಹಿಡಿಯುವುದಿಲ್ಲ. ನಿಮ್ಮ ಕುಂಡದ ಹೊರಗೆ ಬಿಳಿ ಉಪ್ಪು ಕಟ್ಟಿರುವುದು ಫೋಟೋದಲ್ಲೇ ಕಾಣುತ್ತಿದೆ. ಮೊಟ್ಟೆ ಚಿಪ್ಪು ಬೇಡ ಅಂದದ್ದು ಇದಕ್ಕೇ. ಅದೂ ಸುಣ್ಣವೇ. ಎಪ್ಸಮ್ ಸಾಲ್ಟ್ ಮೆಗ್ನೀಸಿಯಂ ಕೊಡುತ್ತದೆ, ಆದರೆ ಆ ಕೊರತೆ ಮೊದಲು ಕಾಣುವುದು ಹಳೆ ಎಲೆಗಳಲ್ಲಿ.

ಟೆರೇಸ್ ಮಳೆ ನೀರನ್ನು ಒಂದು ಡ್ರಮ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ವಾರಕ್ಕೆ ಒಂದೆರಡು ಸಲವಾದರೂ ತಳದಿಂದ ಹರಿದು ಹೋಗುವಷ್ಟು ಧಾರಾಳವಾಗಿ ಅದನ್ನು ಹಾಕಿದರೆ ಉಪ್ಪು ತೊಳೆದುಹೋಗುತ್ತದೆ. ಜೊತೆಗೆ ಚಿಲೇಟೆಡ್ ಐರನ್, ಅಂದರೆ ಬೇರು ಹೀರಿಕೊಳ್ಳುವ ರೂಪದ ಕಬ್ಬಿಣ ಹಾಕಿ. ಅಂಗಡಿಯಲ್ಲಿ ಇಡಿಟಿಎ, ಇಡಿಡಿಎಚ್‌ಎ ಅಂತ ಎರಡು ಬಗೆ ಇರುತ್ತವೆ. ಗಡಸು ನೀರಿನವರು ಎರಡನೆಯದನ್ನೇ ಕೇಳಿ, ಬೆಲೆ ಜಾಸ್ತಿ ಆದರೂ ಪಿಎಚ್ ಏರಿದ ಮಣ್ಣಿನಲ್ಲಿ ಕೆಲಸ ಮಾಡುವುದು ಅದೇ. ಪ್ರಮಾಣ ಪ್ಯಾಕೆಟ್ ಮೇಲೆ ಇದ್ದಷ್ಟೇ.

ಈಗ ಕಟಿಂಗ್. ಕತ್ತರಿ ಹಾಕಲು ಭಯ ಅಂತ ಬರೆದಿದ್ದೀರಿ. ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಆದ್ದರಿಂದ ಕತ್ತರಿಸದೆ ಗತಿಯಿಲ್ಲ. ನಮ್ಮ ಕಡೆ ಮುಂಗಾರು ಮುಗಿದ ಮೇಲೆ, ಅಕ್ಟೋಬರ್ ಎರಡನೇ ವಾರದ ಆಸುಪಾಸು ಮುಖ್ಯ ಕಟಿಂಗ್. ಕತ್ತರಿಸಿದ 45-50 ದಿನಕ್ಕೆ ಹೂವು. ಅಂದರೆ ನವೆಂಬರ್ ಕೊನೆಗೆ ಮೊದಲ ಸುತ್ತು, ಆ ಹೂಗಳನ್ನು ಬಾಡಿದ ಕೂಡಲೇ ತೆಗೆದರೆ ಸಂಕ್ರಾಂತಿ ಸಮಯಕ್ಕೆ ಇನ್ನೊಂದು ಸುತ್ತು.

ಎಲ್ಲಿ ಕತ್ತರಿಸಬೇಕು ಅನ್ನೋದನ್ನು ಗಿಡವೇ ತೋರಿಸುತ್ತದೆ. ಎಲೆ ಕಾಂಡಕ್ಕೆ ಸೇರುವ ಕಡೆ, ಅಕ್ಕಿ ಕಾಳಿಗಿಂತ ಚಿಕ್ಕದಾದ ಕೆಂಪನೆ ಉಬ್ಬು ಇರುತ್ತದೆ. ಅದೇ ಕಣ್ಣು. ಗಿಡದ ಹೊರಗಡೆಗೆ ಮುಖ ಮಾಡಿರುವ ಕಣ್ಣು ಆರಿಸಿ, ಅದರಿಂದ ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಮೇಲೆ ಕಡ್ಡಿಯ ನಡುವಿನ ತಿರುಳು ನೋಡಿ. ಬೆಳ್ಳಗಿದ್ದರೆ ಸರಿ. ಕಂದು ಬಣ್ಣ ಇದ್ದರೆ ಬಿಳಿ ತಿರುಳು ಸಿಗುವವರೆಗೆ ಇನ್ನೊಂದು ಕಣ್ಣು ಕೆಳಗೆ ಹೋಗಿ, ಇಲ್ಲದಿದ್ದರೆ ಅಲ್ಲಿಂದಲೇ ಕಡ್ಡಿ ಕಪ್ಪಾಗಿ ಕೆಳಮುಖವಾಗಿ ಒಣಗುತ್ತಾ ಬರುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಬಲಿತ ಗಿಡವನ್ನು ಒಂದೂವರೆ ಅಡಿಗೆ ಇಳಿಸಬಹುದು. ನಿಮ್ಮವು ಎಳೆಯವು, ಎಲೆ ಉದುರಿ ಸೋತಿವೆ. ಈ ವರ್ಷ ಮೇಲಿನ ಮೂರನೇ ಒಂದು ಭಾಗ ತೆಗೆದರೆ ಸಾಕು. ಕೆಂಪು ಗಿಡದ ಉಳಿದ ಕಡ್ಡಿಯನ್ನಂತೂ ಮುಟ್ಟಬೇಡಿ. ಪೆನ್ಸಿಲ್‌ಗಿಂತ ಸಣ್ಣ, ಒಳಕ್ಕೆ ಬೆಳೆದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಬಿಳಿ ಗಿಡದಿಂದ ತೆಗೆಯಿರಿ. ಹೊಸ ಚಿಗುರು ಒಂದಿಂಚು ಬಂದ ಮೇಲೆ ಗೊಬ್ಬರದ ಸರದಿ. ಕುಂಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ, ಒಂದು ಹಿಡಿ ಮೂಳೆ ಪುಡಿ, ಹದಿನೈದು ದಿನಕ್ಕೊಮ್ಮೆ ನೆನೆಸಿ ತಿಳಿಯಾಗಿಸಿದ ಕಡಲೆಕಾಯಿ ಹಿಂಡಿ ನೀರು. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬೇಡಿ, ಮೊದಲು ನೀರು.

ನವೆಂಬರ್‌ನಿಂದ ಎಳೆ ಚಿಗುರಿಗೆ ಬಿಳಿ ಬೂದಿ ರೋಗ ಬರಬಹುದು. ಕಂಡ ದಿನವೇ ಲೀಟರ್‌ಗೆ 2 ಗ್ರಾಂ ನೀರಲ್ಲಿ ಕರಗುವ ಗಂಧಕ, ತಂಪು ಹೊತ್ತಿನಲ್ಲಿ. ಬೇವಿನ ಎಣ್ಣೆ ಹೊಡೆದು ಹದಿನೈದು ದಿನದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಮಾರ್ಚ್ ಹೊತ್ತಿಗೆ ಎಲೆಯ ಅಡಿಯಲ್ಲಿ ನುಸಿ (ಮೈಟ್) ಬರುತ್ತದೆ. ಅದಕ್ಕೆ ವಾರಕ್ಕೆರಡು ಬೆಳಿಗ್ಗೆ ಎಲೆಯ ಅಡಿಗೆ ನೀರು ಜೋರಾಗಿ ಹೊಡೆಯುವುದೇ ಮೊದಲ ಔಷಧಿ.

ಇನ್ನೊಂದು ಗಿಡ ತರಲಾ ಅಂತ ಕೇಳಿದ್ದೀರಿ. ತನ್ನಿ. ಆದರೆ ಹೂವಿನಂಗಡಿಯ ಉದ್ದ ಕಡ್ಡಿ ಗುಲಾಬಿಯ ತಳಿ ಬೇಡ, ಅವು ಪಾಲಿಹೌಸ್‌ಗೆಂದೇ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮನೆಗೆಂದೇ ಬೆಳೆಸಿದವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಪರಿಮಳ, ಅರ್ಕ ಸವಿ ತಳಿಗಳು ಸಿಕ್ಕರೆ ನೋಡಿ. ನಿಮಗೆ ಯಲಹಂಕದಿಂದ ಹತ್ತಿರವೂ ಹೌದು. ದೇವರ ಪೂಜೆಗೆ ದಿನಾ ಹೂ ಬೇಕು ಅಂದರೆ ಪನ್ನೀರು ಗುಲಾಬಿಯಂಥದ್ದು ಬೇರೊಂದಿಲ್ಲ. ಎಡ್ವರ್ಡ್ ಅಂತಲೂ ನರ್ಸರಿಯವರು ಕರೆಯುತ್ತಾರೆ. ಸ್ವಂತ ಬೇರಿನ ಗಿಡ ಕೇಳಿ ತಂದರೆ ಕಸಿಯ ರಗಳೆಯೇ ಇಲ್ಲ, ಕಡ್ಡಿ ನೆಟ್ಟರೂ ಬರುತ್ತದೆ, ವಾಸನೆ ಮೆಟ್ಟಿಲವರೆಗೆ ಬರುತ್ತದೆ. ಕಸಿ ಗಿಡವನ್ನೇ ತರುವುದಾದರೆ ನರ್ಸರಿಯಲ್ಲಿ ಹೂವು ಎಷ್ಟಿದೆ ಅಂತ ನೋಡಬೇಡಿ. ಗಂಟಿನ ಮೇಲಿಂದ ಎರಡು ಮೂರು ದಪ್ಪ ಹಸಿರು ಕಡ್ಡಿ ಬಂದಿದೆಯಾ, ಗಂಟು ಅಲ್ಲಾಡದೆ ಗಟ್ಟಿಯಾಗಿದೆಯಾ, ಕವರಿನ ತೂತಿನಲ್ಲಿ ಬಿಳಿ ಬೇರು ಕಾಣುತ್ತಿದೆಯಾ ನೋಡಿ. ಮನೆಗೆ ತಂದ ಮೇಲೆ ಇರುವ ಹೂವನ್ನೆಲ್ಲ ಕತ್ತರಿಸಿ ಹೂದಾನಿಯಲ್ಲಿಡಿ, ಹತ್ತು ದಿನ ಹಳೆ ಗಿಡಗಳಿಂದ ದೂರ ಇಟ್ಟು, ಹುಳ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಕುಂಡಕ್ಕೆ ಹಾಕಿ.