ಪಾರ್ಟು ಬದಲಿಸುವ ಮುಂಚೆ ಮೀಟರು ಹಿಡಿಯಿರಿ

ಈ ಸಲ ಗಾಡಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರಾಸ್‌ಓವರ್‌ಗಳದ್ದೇ (ಎಸ್‌ಯುವಿಯಂತೆ ಎತ್ತರವಿರುವ ಕಾರು). ಮೈಸೂರು–ಮಂಡ್ಯ ಸೀಮೆಯಲ್ಲಿ ಒಂದೇ ಗಾಡಿ ಸ್ಕೂಲಿಗೂ ಹೋಗಬೇಕು, ತೋಟಕ್ಕೂ ಹೋಗಬೇಕು, ಮದುವೆಗೂ ಹೋಗಬೇಕು. ಬರೆದವರಲ್ಲಿ ಹೆಚ್ಚಿನವರು ಒಂದೆರಡು ಪಾರ್ಟು ಆಗಲೇ ಬದಲಿಸಿ, ಅದು ಕೆಲಸಕ್ಕೆ ಬಾರದೆ, ಆಮೇಲೆ ಕಾಗದ ಹಾಕಿದ್ದಾರೆ.

ಪ್ರಶ್ನೆ: ನಮ್ಮದು ಬಿಎಸ್–6 ಡೀಸೆಲ್ ಗಾಡಿ, 38,000 ಕಿ.ಮೀ. ಆಗಿದೆ. ದಿನಾ ಮನೆಯಿಂದ ಸ್ಕೂಲು, ಅಲ್ಲಿಂದ ಆಫೀಸು. ಒಂದು ಸಲಕ್ಕೆ 5–6 ಕಿ.ಮೀ. ದಾಟುವುದಿಲ್ಲ. ಎರಡು ತಿಂಗಳಿಂದ ಡಿಪಿಎಫ್ ದೀಪ ಹತ್ತುತ್ತಿದೆ. ಗ್ಯಾರೇಜಿನವರು ಫಿಲ್ಟರ್ ತೆಗೆಸಿ, ಸಾಫ್ಟ್‌ವೇರ್ ಬದಲಿಸೋಣ ಅನ್ನುತ್ತಾರೆ. ಮಾಡಿಸಬಹುದೇ?
— ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಅದು ಕಾನೂನಿಗೂ ವಿರುದ್ಧ, ವಾರಂಟಿಯೂ ಹೋಗುತ್ತದೆ. ನಿಮ್ಮ ಫಿಲ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದಕ್ಕೆ ಬಿಸಿಯಾಗಲು ನೀವು ಸಮಯವೇ ಕೊಟ್ಟಿಲ್ಲ.

ಡಿಪಿಎಫ್ ಎಂದರೆ ಹೊಗೆಯ ಮಸಿ ಹಿಡಿದಿಡುವ ಜರಡಿ. ಮಸಿ ಒಂದು ಮಟ್ಟಕ್ಕೆ ತುಂಬಿದಾಗ ಇಂಜಿನ್ ಕಂಪ್ಯೂಟರ್ ತಾನಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ 10ರಿಂದ 20 ನಿಮಿಷ ಬೇಕು. ನಿಮ್ಮ ಗಾಡಿ ಅಷ್ಟರಲ್ಲಿ ಸ್ಕೂಲ್ ಗೇಟಿನ ಮುಂದೆ ಆಫ್ ಆಗಿರುತ್ತದೆ. ಸುಡುವ ಕೆಲಸ ಶುರುವಾದದ್ದು ಗೊತ್ತಾಗುತ್ತದೆ: ನಿಂತಲ್ಲೇ ಆರ್‌ಪಿಎಂ ಮಾಮೂಲಿಗಿಂತ ಒಂದೆರಡು ನೂರು ಮೇಲಿರುತ್ತದೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಮೈಲೇಜ್ ಮುಳ್ಳು ಕೆಳಗಿಳಿಯುತ್ತದೆ. ಆಗ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೊಡೆದು ಬನ್ನಿ.

ಈಗ ಮಾಡಬೇಕಾದ್ದು. ಮೊದಲು ಆಯಿಲ್ ಕಡ್ಡಿ ಎತ್ತಿ ನೋಡಿ. ಮಟ್ಟ ಮೇಲಿನ ಗೆರೆಯನ್ನೂ ದಾಟಿ, ಡೀಸೆಲ್ ವಾಸನೆ ಬಂದರೆ, ಅರ್ಧಕ್ಕೆ ನಿಂತ ಸುಡುವಿಕೆಯ ಡೀಸೆಲ್ ಸೋರಿ ಆಯಿಲಿಗೆ ಸೇರಿದೆ ಎಂದರ್ಥ. ಆಯಿಲ್ ಹೆಚ್ಚಾಗಿದೆ ಎಂದು ಖುಷಿಪಡುವವರೂ ಇದ್ದಾರೆ! ತೆಳುವಾದ ಆಯಿಲ್ ಮೊದಲು ಹಾಳು ಮಾಡುವುದು ಟರ್ಬೋ ಬೇರಿಂಗನ್ನು. ಕಿ.ಮೀ. ಲೆಕ್ಕ ನೋಡದೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ; ಹಾಕುವಾಗ ಕೈಪಿಡಿಯಲ್ಲಿ ಹೇಳಿದ, ಬೂದಿ ಕಡಿಮೆ ಬಿಡುವ ಲೋ–ಸ್ಯಾಪ್ಸ್ ದರ್ಜೆಯ ಆಯಿಲೇ ಇರಲಿ. ಬೇರೆ ಆಯಿಲ್‌ನ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ, ಮಸಿ ಸುಟ್ಟರೂ ಬೂದಿ ಸುಡುವುದಿಲ್ಲ.

ದೀಪ ಮಿನುಗದೆ ಸುಮ್ಮನೆ ಉರಿಯುತ್ತಿದ್ದರೆ, ಕಾಲು ಟ್ಯಾಂಕಿಗಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ಬೆಂಗಳೂರು ಹೆದ್ದಾರಿ ಹಿಡಿಯಿರಿ. 70–80ರ ಒಂದೇ ವೇಗ, ಆರ್‌ಪಿಎಂ 2,000ಕ್ಕೆ ಇಳಿಯದ ಗೇರು, 25–30 ನಿಮಿಷ. ಮಂಡ್ಯ ಬೈಪಾಸ್ ಮುಟ್ಟಿ ವಾಪಸ್ ಬಂದರೆ ಧಾರಾಳ. ಗಣಂಗೂರು ಟೋಲ್ ಉಳಿಸಲು ಸರ್ವಿಸ್ ರಸ್ತೆಗೆ ಇಳಿದರೆ ಹೋದದ್ದೂ ದಂಡ. ಒಂದೊಂದು ರೋಡ್ ಹಂಪಿಗೂ ಬ್ರೇಕ್ ಒತ್ತಿ ಫಿಲ್ಟರ್ ಬಿಸಿಯೇ ಆಗುವುದಿಲ್ಲ. ಟೋಲ್ ಬೇಡ ಅಂದರೆ ಬೆಳಗಿನ ಜಾವ ನಂಜನಗೂಡು ರಸ್ತೆ.

ದೀಪ ಮಿನುಗುತ್ತಿದ್ದರೆ, ಅಥವಾ ಜೊತೆಗೆ ಇಂಜಿನ್ ದೀಪವೂ ಬಂದಿದ್ದರೆ, ಸ್ಕ್ಯಾನರ್ ಹಾಕಿ ನಿಂತಲ್ಲೇ ಸುಡಿಸಬೇಕು. ಅದಕ್ಕೆ ದುಡ್ಡು ಕೊಡುವ ಮುಂಚೆ ಫಿಲ್ಟರಿನಿಂದ ಒತ್ತಡದ ಸೆನ್ಸರಿಗೆ ಹೋಗುವ ಎರಡು ಸಣ್ಣ ಪೈಪು ನೋಡಿಸಿ. ಅವುಗಳಲ್ಲಿ ಒಂದು ಸೀಳಿದ್ದರೂ ಸೆನ್ಸರ್ ಸುಳ್ಳು ಲೆಕ್ಕ ಕೊಡುತ್ತದೆ. ಟರ್ಬೋದಿಂದ ಇಂಟರ್‌ಕೂಲರಿಗೆ (ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ಹೋಗುವ ಹೋಸ್ ಮೇಲೆ ಎಣ್ಣೆ ಜಿಡ್ಡು ಇದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಗಾಳಿ ಕಡಿಮೆಯಾದರೆ ಮಸಿ ಹೆಚ್ಚು.

ಮತ್ತೆ, ದಿನಕ್ಕೆ 12 ಕಿ.ಮೀ. ಓಡಿಸುವವರು ಮುಂದಿನ ಗಾಡಿ ಪೆಟ್ರೋಲ್ ತಗೊಳ್ಳಿ.

ಪ್ರಶ್ನೆ: ಪೆಟ್ರೋಲ್ ಕ್ರಾಸ್‌ಓವರ್, 45 ಆಂಪಿಯರ್–ಅವರ್ ಬ್ಯಾಟರಿ. ನಾಲ್ಕು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿಯೂ ಅದೇ ಕಥೆ. ಆಂಡ್ರಾಯ್ಡ್ ಸ್ಟೀರಿಯೋ, ಡ್ಯಾಶ್‌ಕ್ಯಾಮ್ ಹೊರಗೆ ಹಾಕಿಸಿದ್ದು.
— ಮದ್ದೂರು

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೀರಿ. ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರ ಇರುವಂತಿದೆ, ಆದರೂ ಅಳೆದು ನೋಡೋಣ. ಒಂದು ಮಲ್ಟಿಮೀಟರ್ ಸಾಕು.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ರ ಕೆಳಗೆ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ದಮ್ ಇಲ್ಲ. ಇಂಜಿನ್ ಓಡುವಾಗ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಅಳೆಯಿರಿ, 13.8–14.5 ಇದ್ದರೆ ಆಲ್ಟರ್ನೇಟರ್ ಸರಿ.

ಇವೆಲ್ಲ ಸರಿ ಇದ್ದರೆ ಕರೆಂಟು ಕದಿಯುವವರು ಯಾರೋ ಇದ್ದಾರೆ. ಬಾನೆಟ್ ತೆರೆದು, ಅದರ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಗಾಡಿ ಲಾಕ್ ಮಾಡಿ, ಕೀಲಿಯನ್ನು ಮನೆಯೊಳಗೆ ಇಡಿ. ನೆಗೆಟಿವ್ ಕೇಬಲ್ ಕಳಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರನ್ನು 10 ಆಂಪಿಯರ್ ಸೆಟ್ಟಿಂಗಿನಲ್ಲಿ ಸೇರಿಸಿ. ಮೀಟರ್ ಹೀಗೆ ಇರುವಾಗ ಕೀಲಿ ತಿರುಗಿಸಿದರೆ ಮೀಟರಿನ ಫ್ಯೂಸ್ ಅಷ್ಟೇ ಅಲ್ಲ, ಮೀಟರೂ ಹೋದೀತು. ಗಾಡಿಯೊಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು 30–40 ನಿಮಿಷ ಬಿಡಿ. ಆಮೇಲೆ 50 ಮಿಲಿಆಂಪಿಯರ್ ಒಳಗಿದ್ದರೆ ಮಾಮೂಲು. ಪಾರ್ಕಿಂಗಿನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ 250 ಎಳೆಯುತ್ತಿದೆ ಎಂದುಕೊಳ್ಳಿ: ದಿನಕ್ಕೆ 6 ಆಂಪಿಯರ್–ಅವರ್, ನಾಲ್ಕು ದಿನಕ್ಕೆ 24. ನಿಮ್ಮ 45ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು.

ಕಳ್ಳ ಯಾರೆಂದು ತಿಳಿಯಲು ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ, ಮೊದಲು ಸ್ಟೀರಿಯೋದ್ದು. ರೀಡಿಂಗ್ ದಢಕ್ಕನೆ ಇಳಿದ ಫ್ಯೂಸಿನ ಸಾಲಿನಲ್ಲಿ ಅವನಿದ್ದಾನೆ. ಡ್ಯಾಶ್‌ಕ್ಯಾಮ್ ಆಗಿದ್ದರೆ ಕೀಲಿ ಹಾಕಿದಾಗ ಮಾತ್ರ ಕರೆಂಟು ಬರುವ ಫ್ಯೂಸಿಗೆ ಅದನ್ನು ಬದಲಿಸಿ. ಪಾರ್ಕಿಂಗ್ ರೆಕಾರ್ಡಿಂಗ್ ಬೇಕೇ ಬೇಕಾದರೆ 12.2 ವೋಲ್ಟಿಗೆ ತಾನೇ ಕಡಿದುಕೊಳ್ಳುವ ಕಿಟ್ ಹಾಕಿಸಿ. ಸ್ಟೀರಿಯೋ ಆಗಿದ್ದರೆ ಸಾಮಾನ್ಯವಾಗಿ ಹಳದಿ ಮತ್ತು ಕೆಂಪು ವೈರುಗಳನ್ನು ಒಟ್ಟಿಗೆ ಸುತ್ತಿರುತ್ತಾರೆ. ಹಳದಿ ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ. ಬೇರೆ ಮಾಡಿಸಿದರೆ ಸಾಕು.

ನಿಮ್ಮ ಗಾಡಿ ಸಿಗ್ನಲ್ಲಿನಲ್ಲಿ ತಾನಾಗಿ ಆಫ್–ಆನ್ ಆಗುವ ಬಗೆಯದ್ದಾದರೆ ಬ್ಯಾಟರಿ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯದ್ದಿರಬೇಕು. ಅಗ್ಗವೆಂದು ಸಾದಾ ಬ್ಯಾಟರಿ ಹಾಕಿದರೆ ಬಹಳ ಕಾಲ ಬಾಳುವುದಿಲ್ಲ.

ಪ್ರಶ್ನೆ: ಕಬ್ಬು ಕಡಿದ ಮೇಲೆ ಇಲಿ ಕಾಟ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರು ಎರಡು ಸಲ ಕಡಿದಿವೆ. ಹೊಗೆಸೊಪ್ಪು ಕಟ್ಟಿದೆವು, ಪ್ರಯೋಜನವಾಗಲಿಲ್ಲ.
— ಪಾಂಡವಪುರ ತಾಲ್ಲೂಕು

ಉತ್ತರ: ಹೊಗೆಸೊಪ್ಪಿನ ಪುಡಿ ವೈಪರ್ ಕೆಳಗಿನ ನೀರು ಹೋಗುವ ತೂತು ಕಟ್ಟುತ್ತದೆ, ಇಲಿಗೂ ಬೇಗ ಅಭ್ಯಾಸವಾಗುತ್ತದೆ. ಪಾಷಾಣ ಅಂತೂ ಇಡಲೇಬೇಡಿ. ಸತ್ತ ಇಲಿ ಎಸಿ ನಾಳದಲ್ಲಿ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಬ್ಲೋವರ್ ಗಾಳಿ ಎಳೆಯುವ ಬಾಯಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಗಾಡಿ ನಿಲ್ಲಿಸುವಾಗ ಗಾಳಿ ಒಳಗೇ ಸುತ್ತುವ ಬಟನ್ ಒತ್ತಿ ಆಫ್ ಮಾಡಿ, ಆ ಬಾಗಿಲು ಮುಚ್ಚಿರುತ್ತದೆ. ಇಲಿಗೆ ಬೇಕಿರುವುದು ಕತ್ತಲು ಮತ್ತು ಬಿಸಿ. ರಾತ್ರಿ ಬಾನೆಟ್ ಎತ್ತಿಟ್ಟರೆ ಎರಡೂ ಇರುವುದಿಲ್ಲ. ಬಾನೆಟ್ ದೀಪವಿದ್ದರೆ ಅದರ ಬಲ್ಬು ತೆಗೆದಿಡಿ. ಭತ್ತ, ಹಿಂಡಿ ಮೂಟೆಗಳನ್ನು ಅದೇ ಶೆಡ್ಡಿನಲ್ಲಿಟ್ಟು ಇಲಿಯನ್ನು ಬೈದು ಫಲವಿಲ್ಲ.

ಕಡಿದ ವೈರನ್ನು ತಿರುಚಿ ಟೇಪು ಸುತ್ತುವುದಕ್ಕೆ ಬಿಡಬೇಡಿ. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ, ಮಳೆಗಾಲದಲ್ಲಿ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ ಮೇಲೆ ಹೀಟ್–ಶ್ರಿಂಕ್ ಕೊಳವೆ ಏರಿಸಲಿ.

ಪ್ರಶ್ನೆ: ಮುಂದಿನ ಎಡಗಡೆ ಚಕ್ರದಲ್ಲಿ ಟಕ್ ಟಕ್ ಸದ್ದು. ಎರಡೂ ಶಾಕ್‌ಅಬ್ಸಾರ್ಬರ್ ಬದಲಿಸಿ ಅಂತ ಗ್ಯಾರೇಜಿನಲ್ಲಿ ಹೇಳಿದ್ದಾರೆ.
— ಹೆಬ್ಬಾಳ, ಮೈಸೂರು

ಉತ್ತರ: ಸದ್ದು ಯಾವಾಗ ಬರುತ್ತದೆ ಅನ್ನುವುದೇ ಅರ್ಧ ರಿಪೇರಿ. ಒಂದು ಅಗಲವಾದ ಹಂಪಿನ ಮೇಲೆ 10ರ ವೇಗದಲ್ಲಿ ಎರಡೂ ಚಕ್ರ ಒಟ್ಟಿಗೆ ಹತ್ತಿಸಿ. ಆಮೇಲೆ ಎಡ ಚಕ್ರ ಮಾತ್ರ ಗುಂಡಿಗೆ ಇಳಿಸಿ. ಒಟ್ಟಿಗೆ ಹತ್ತಿದಾಗ ಸುಮ್ಮನಿದ್ದು, ಒಂದೇ ಚಕ್ರಕ್ಕೆ ಟಕ್ ಅಂದರೆ, ಎಡ–ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಸರಳಿನ ಲಿಂಕ್ ಸವೆದಿದೆ. ಎರಡೂ ಚಕ್ರ ಸಮನಾಗಿ ಏರಿದಾಗ ಆ ಸರಳು ತಿರುಚಿಕೊಳ್ಳುವುದಿಲ್ಲ, ಅದಕ್ಕೇ ಆಗ ಮೌನ. ಇದು ಶಾಕ್‌ಅಬ್ಸಾರ್ಬರಿನ ಬೆಲೆಯಲ್ಲಿ ಸಣ್ಣ ಪಾಲು.

ಬ್ರೇಕ್ ಒತ್ತಿದಾಗ, ರಿವರ್ಸಿನಿಂದ ಮುಂದಕ್ಕೆ ಬಂದಾಗ ಒಂದೇ ಒಂದು ‘ದಡ್’ ಬಂದರೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ತೋಳಿನ ರಬ್ಬರು). ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟಂಗ್’ ಎಂದರೆ ಮೇಲಿನ ಮೌಂಟ್ ಬೇರಿಂಗ್. ಶಾಕ್‌ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದಿದ್ದರೆ ಮಾತ್ರ ಅದರ ಮಾತು. ಆಗ ಜೋಡಿಯಾಗಿಯೇ ಬದಲಿಸಬೇಕು.

ಬುಷ್ ಹಾಕಿಸುವಾಗ ಒಂದು ವಿಷಯ ಪಕ್ಕದಲ್ಲೇ ನಿಂತು ನೋಡಿ. ಗಾಡಿ ಜಾಕ್ ಮೇಲೆ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಬಿಡುತ್ತಾರೆ. ಗಾಡಿ ಕೆಳಗಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬಹುಬೇಗ ಹರಿಯುತ್ತದೆ. ಬೋಲ್ಟು ಸಡಿಲವಾಗಿ ಕೂರಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಕೊನೆಯ ಬಿಗಿ ಆಗ. ನಂತರ ಅಲೈನ್‌ಮೆಂಟ್.

ಪ್ರಶ್ನೆ: ಹೆದ್ದಾರಿಯಲ್ಲಿ ಎಸಿ ಚೆನ್ನಾಗಿದೆ, ಮಂಡ್ಯ ಊರೊಳಗೆ ಟ್ರಾಫಿಕ್‌ಗೆ ಬಂದರೆ ಬಿಸಿ ಗಾಳಿ. ಗ್ಯಾಸ್ ತುಂಬಿಸಿ ಎರಡು ತಿಂಗಳಾಗಿಲ್ಲ.
— ಮಂಡ್ಯ

ಉತ್ತರ: ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಮೊದಲ ಅನುಮಾನ ಕಂಡೆನ್ಸರ್ (ರೇಡಿಯೇಟರ್ ಮುಂದಿನ, ಎಸಿ ಗ್ಯಾಸ್ ತಣಿಸುವ ಭಾಗ) ಫ್ಯಾನಿನ ಮೇಲೆ. ಎಸಿ ಹಾಕಿ ಬಾನೆಟ್ ಎತ್ತಿ: ಫ್ಯಾನ್ ಒಂದೆರಡು ನಿಮಿಷದಲ್ಲಿ ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ಆಮೇಲೆ ಮೋಟರು, ಇದೇ ಕ್ರಮ. ತಿರುಗುತ್ತಿದ್ದರೆ ಕಂಡೆನ್ಸರ್ ರೆಕ್ಕೆಗಳ ನಡುವೆ ಧೂಳು, ಕಬ್ಬಿನ ರವದಿ ಚೂರು ಕೂತಿದೆ. ಸಾದಾ ನಲ್ಲಿ ಪೈಪಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸಿನ ಜೆಟ್ ಹೊಡೆದರೆ ರೆಕ್ಕೆ ಮಡಚಿ ಶಾಶ್ವತವಾಗಿ ಮುಚ್ಚಿಕೊಳ್ಳುತ್ತವೆ. ಗ್ಯಾಸ್ ಹೆಚ್ಚಾಗಿದ್ದರೂ ಇದೇ ಲಕ್ಷಣ. ಎಷ್ಟು ಗ್ರಾಂ ಬೇಕೆಂದು ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಇರುವುದನ್ನು ಪೂರ್ತಿ ತೆಗೆದು, ಅಷ್ಟೇ ತೂಕ ಹಾಕುವ ಮಷೀನಿರುವ ಕಡೆ ಹೋಗಿ.

ಪ್ರಶ್ನೆ: 215/60 ಆರ್16 ಟೈರಿದೆ. 17 ಇಂಚಿನ ಅಲಾಯ್ ಹಾಕಿಸುವ ಆಸೆ. ಅಂಗಡಿಯವರು 225/60 ಆರ್17 ಕೂರುತ್ತದೆ ಅನ್ನುತ್ತಾರೆ.
— ನಾಗಮಂಗಲ

ಉತ್ತರ: ಕೂರಬಹುದು, ಉಜ್ಜಲೂಬಹುದು. ಲೆಕ್ಕ ಸುಲಭ: ಇಂಚನ್ನು 25.4ರಿಂದ ಗುಣಿಸಿ, ಟೈರಿನ ಅಗಲದ (ಮೊದಲ ಅಂಕಿ, 215) ಶೇಕಡಾ 60ನ್ನು ಎರಡು ಸಲ ಕೂಡಿಸಿ. ಈಗಿನದ್ದು 664 ಮಿ.ಮೀ. ಎತ್ತರ. ಅಂಗಡಿಯವರು ಹೇಳಿದ್ದು 702, ಅಂದರೆ ಶೇ. 5.6 ಹೆಚ್ಚು. ಮುಳ್ಳು 100 ತೋರಿಸುವಾಗ ಮೊದಲಿಗಿಂತ ಐದಾರು ಕಿ.ಮೀ. ಜೋರಾಗಿ ಓಡುತ್ತೀರಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುವ ಸಂಭವವಿದೆ. ವ್ಯತ್ಯಾಸ ಶೇ. 3 ದಾಟಬಾರದು. 215/55 ಆರ್17 ಆದರೆ 668, ಸರಿಹೋಗುತ್ತದೆ. ಲೋಡ್ ಇಂಡೆಕ್ಸ್ ಈಗಿರುವುದಕ್ಕಿಂತ ಕಡಿಮೆ ಬೇಡ. 95 ಎಂದರೆ ಒಂದು ಟೈರು 690 ಕೆ.ಜಿ. ಹೊರುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯನ್ನೂ ಓದಿ: 2325 ಇದ್ದರೆ 2025ರ 23ನೇ ವಾರದ ಟೈರು.

ಆದರೆ 17ಕ್ಕೆ ಹೋದರೆ ಟೈರಿನ ಪಕ್ಕೆಯ ಎತ್ತರ 129ರಿಂದ 118 ಮಿ.ಮೀ.ಗೆ ಇಳಿಯುತ್ತದೆ. ಹಳ್ಳಿ ರಸ್ತೆಯ ಗುಂಡಿಯಲ್ಲಿ ರಿಮ್ ಉಳಿಸುವುದು ಆ 11 ಮಿ.ಮೀ. ರಬ್ಬರೇ. ಅದೇ ದುಡ್ಡಿಗೆ 16ರಲ್ಲೇ ಒಳ್ಳೆಯ ಟೈರು ನಾಲ್ಕೂ ಬರುತ್ತವೆ.

ಪ್ರಶ್ನೆ: ಮಳೆ ಬಂದರೆ ಡ್ರೈವರ್ ಕಾಲಡಿ ಕಾರ್ಪೆಟ್ ಒದ್ದೆ. ಸನ್‌ರೂಫ್ ರಬ್ಬರ್ ಬದಲಿಸಬೇಕೇ?
— ಬೋಗಾದಿ, ಮೈಸೂರು

ಉತ್ತರ: ಬೇಕಾಗಲಿಕ್ಕಿಲ್ಲ. ಸನ್‌ರೂಫ್ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಬಂದ ನೀರು ಸುತ್ತಲಿನ ತಟ್ಟೆಗೆ ಬಿದ್ದು ಮೂಲೆಗಳ ಸಣ್ಣ ಪೈಪಿನಿಂದ ಕೆಳಗಿಳಿಯಬೇಕು. ಸನ್‌ರೂಫ್ ತೆರೆದು, ಮುಂದಿನ ಬಲ ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನ ಬಿಡಿ. ಕೆಲವೇ ಕ್ಷಣದಲ್ಲಿ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ನೀರು ಅಲ್ಲೇ ನಿಂತರೆ ಹೊಂಗೆ ಎಲೆ, ಹೂವಿನ ಪುಡಿ ಕಟ್ಟಿಕೊಂಡಿದೆ. ಹುಲ್ಲು ಕತ್ತರಿಸುವ ಮಷೀನಿನ 2 ಮಿ.ಮೀ. ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ತೆಗೆಯಿರಿ. ಕಂಪ್ರೆಸರ್ ಗಾಳಿ ಬೇಡ, ಒಳಗಡೆ ಪೈಪು ಜಾಯಿಂಟಿನಿಂದ ಕಳಚಿದರೆ ರೂಫ್ ಬಟ್ಟೆ ಇಳಿಸಬೇಕಾಗುತ್ತದೆ. ಮಳೆ ಇಲ್ಲದ ದಿನವೂ ಒದ್ದೆ ಇದ್ದರೆ ಎಸಿ ನೀರಿನ ಪೈಪು ಕಟ್ಟಿದೆ ಎಂದು ತಿಳಿಯಿರಿ. ಎರಡರಲ್ಲಿ ಯಾವುದೇ ಆದರೂ ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಒಣಗಿಸಿ. ವೈರಿನ ಕನೆಕ್ಟರುಗಳು ಅಲ್ಲೇ ಇರುತ್ತವೆ.

ಪ್ರಶ್ನೆ: ಆಟೋಮ್ಯಾಟಿಕ್ ಗಾಡಿ. ಭಾನುವಾರ ಚಾಮುಂಡಿ ಬೆಟ್ಟದ ಸಾಲಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂತು.
— ಶ್ರೀರಂಗಪಟ್ಟಣ

ಉತ್ತರ: ನಿಮ್ಮದು ಡ್ರೈ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇರಬೇಕು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಿಂದಲೇ ಗಾಡಿ ಹಿಡಿದು ನಿಲ್ಲಿಸಿದರೆ ಕ್ಲಚ್ ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಮುಂದಿನ ಗಾಡಿ ಎರಡು ಮಾರು ಹೋಗಲಿ, ಆಮೇಲೆ ಒಂದೇ ಸಲ ಚಲಿಸಿ. ನಿಂತಾಗ ಬ್ರೇಕ್ ಒತ್ತಿ. ಎಚ್ಚರಿಕೆ ಬಂದರೆ ಪಕ್ಕಕ್ಕೆ ಹಾಕಿ, ಪಾರ್ಕಿಗೆ ತಂದು, ಇಂಜಿನ್ ಆನ್ ಇಟ್ಟೇ ತಣ್ಣಗಾಗಲು ಬಿಡಿ. ಇಳಿಯುವಾಗ ಮ್ಯಾನುವಲ್ಲಿನಲ್ಲಿ ಎರಡನೇ ಗೇರು. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬೆಟ್ಟಕ್ಕೆ ಮುಂಚೆ ಬದಲಿಸಿ. ಹೊಸ ಡಾಟ್–4 ಕುದಿಯುವುದು 230 ಡಿಗ್ರಿಯ ಮೇಲೆ, ತೇವ ಹೀರಿದ್ದು 155ರ ಸುಮಾರಿಗೇ ಕುದಿಯಬಹುದು. ಆಗ ಪೆಡಲ್ ನೆಲ ಮುಟ್ಟುತ್ತದೆ.

ಪ್ರಶ್ನೆ: ಹೆಡ್‌ಲೈಟಿಗೆ 100/90 ವ್ಯಾಟ್ ಬಲ್ಬು ಹಾಕಬಹುದೇ? ಮುಂದೆ ಬುಲ್ ಗಾರ್ಡ್?
— ಮಳವಳ್ಳಿ

ಉತ್ತರ: ಎರಡೂ ಬೇಡ. 60/55ಕ್ಕೆ ಮಾಡಿದ ವೈರಿನಲ್ಲಿ ಬಲ್ಬೊಂದಕ್ಕೆ 8 ಆಂಪಿಯರ್ ಹರಿದರೆ ಹೋಲ್ಡರ್ ಕರಗುತ್ತದೆ. ಮಸುಕಾದ ಗಾಜನ್ನು ಪಾಲಿಶ್ ಮಾಡಿಸಿ, ರಿಲೇ ಕಿಟ್ ಹಾಕಿಸಿ, ಬಲ್ಬು ಅದೇ ವ್ಯಾಟ್ ಇರಲಿ. ಗಾರ್ಡು ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ತಪ್ಪಿಸುತ್ತದೆ. ಅದರ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗೆಯೇ, ಪಕ್ಕದ ಏರ್‌ಬ್ಯಾಗ್ ಇರುವ ಸೀಟಿಗೆ ಬಿಗಿಯಾದ ರೆಕ್ಸಿನ್ ಕವರ್ ಹೊಲಿಸಿದ್ದರೆ ಈ ವಾರವೇ ಬಿಚ್ಚಿಸಿ, ಅದು ಏರ್‌ಬ್ಯಾಗಿಗೆ ಅಡ್ಡಿ.